ಗೋಡೆ ಹೋದ ಮೇಲೆ ಅಮರಪ್ಪ

ಇಳಕಲ್ಲಿನ ನೇಕಾರ ಅಮರಪ್ಪನಿಗೆ ಮಂದಿಯೆಂದರೆ ಸಂಕೋಚ. ಓಣಿಯಲ್ಲಿ ಯಾರಾದರೂ ಎದುರು ಬಂದರೆ ಗೋಡೆಗೆ ಅಂಟಿ ನಿಂತು ದಾರಿ ಬಿಡುವನು. ಅವರು ಮಾತಾಡಿಸಿದರೆ ಕೆಮ್ಮು ಬಂದವನಂತೆ ಬಾಯಿಗೆ ಟವೆಲ್ಲು ಹಿಡಿಯುವನು. ನೂಲು ತರುವುದು, ಪೇಟೆಯ ವ್ಯಾಪಾರಿಗೆ ಸೀರೆ ಮುಟ್ಟಿಸುವುದು, ಬೀಗರ ಹತ್ತಿರ ವಾದ ಮಾಡುವುದು ಎಲ್ಲ ಹೆಂಡತಿ ಲಕ್ಕವ್ವನ ಪಾಲು. ಅವನು ಪಡಸಾಲೆಯಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತನೆಂದರೆ ಊಟಕ್ಕೆ ಕರೆದಾಗಲೇ ಏಳುವುದು.

ಎಪ್ಪತ್ತರ ದಶಕದ ಕೊನೆಗೆ ಊರು ಬೆಳೆಯತೊಡಗಿತು. ಗಣಿಗಳಿಂದ ಕೆಂಪು ಬಂಡೆ ಹೊತ್ತ ಲಾರಿಗಳು ಅವನ ಓಣಿಯಲ್ಲೇ ಹಾಯಬೇಕು. ತಿರುವಿನಲ್ಲಿ ಒಂದು ಲಾರಿ ಸಿಕ್ಕಿಕೊಂಡರೆ ಹಿಂದೆ ಬಸ್ಸು, ಅದರ ಹಿಂದೆ ಚಕ್ಕಡಿ, ಎಲ್ಲರೂ ಇಳಿದು ಡ್ರೈವರನಿಗೆ ಬುದ್ಧಿ ಹೇಳುವವರೇ. ಕೊನೆಗೆ ರಸ್ತೆ ಅಗಲ ಮಾಡುವುದೆಂದಾಯಿತು. ಓವರಸಿಯರು ಬಂದು ಸುಣ್ಣದ ಗೆರೆ ಎಳೆದ. ಗೆರೆ ಅಮರಪ್ಪನ ಪಡಸಾಲೆಯನ್ನು ಸೀಳಿ, ಮಗ್ಗದ ಕುಣಿಯ ಮಗ್ಗುಲಲ್ಲೇ ಹಾದುಹೋಯಿತು.

“ಸಾಹೇಬ್ರ, ಗೆರಿ ಒಂದೀಟು ಆ ಕಡಿ ಸರಸ್ರಿ,” ಎಂದಳು ಲಕ್ಕವ್ವ. “ಎದುರಿನ ಮನ್ಯಾಗ ಮಗ್ಗ ಇಲ್ಲ, ಬರೇ ಎಮ್ಮಿ ಅದಾವು.”

ಎಮ್ಮೆಗಳ ಮನೆಯನ್ನೂ ಅಷ್ಟೇ ಕಡಿಯುತ್ತೇವೆ, ಭೇದವಿಲ್ಲ ಎಂದು ಓವರಸಿಯರು ಸಮಾಧಾನ ಹೇಳಿದ. ಎದುರು ಮನೆಯವರು ಇದನ್ನು ಕೇಳಿಸಿಕೊಂಡು ಆಮೇಲೆ ಬಹಳ ದಿನ ಲಕ್ಕವ್ವನಿಗೆ ಮಜ್ಜಿಗೆ ಕೊಡಲಿಲ್ಲ.

ಗೋಡೆ ಬಿತ್ತು. ಮಗ್ಗ ಉಳಿಯಿತು, ಆದರೆ ಬೀದಿಯಲ್ಲಿಟ್ಟಂತಾಯಿತು. ಅಮರಪ್ಪ ಗೋಡೆಯ ಜಾಗಕ್ಕೆ ಒಂದು ಕಂಬಳಿ ಇಳಿಬಿಟ್ಟು ಒಳಗಿನ ಮಬ್ಬಿನಲ್ಲಿ ನೇಯತೊಡಗಿದ. ಮೂರನೆಯ ದಿನ ಕಲ್ಲಿನ ಲಾರಿಯೊಂದರ ಕೊಕ್ಕೆಗೆ ಕಂಬಳಿ ಸಿಕ್ಕಿ, ಧ್ವಜದಂತೆ ಹಾರಾಡುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋಗಿಬಿಟ್ಟಿತು. ಹಿಂದೆ ಓಡಲು ಕುಣಿಯಿಂದ ಏಳಬೇಕು, ಎದ್ದರೆ ಮಂದಿ ನೋಡುತ್ತಾರೆ. ಅಮರಪ್ಪ ತಲೆಯ ಮೇಲೆ ಟವೆಲ್ಲು ಹೊದ್ದು ಕುಳಿತ.

ಗೋಡೆ ಕಟ್ಟಿಸೋಣವೆಂದರೆ ಓಣಿಯ ಎಲ್ಲ ಮನೆಗಳ ಮುಂಭಾಗವೂ ಬಿದ್ದಿತ್ತು. ಗೌಂಡಿ ಗೌಸಸಾಬ ಒಬ್ಬನೇ. ಎಲ್ಲರಿಗೂ ನಾಳೆ ಬರುತ್ತೇನೆಂದು ಮಾತು ಕೊಟ್ಟು, ಯಾರ ಕಣ್ಣಿಗೂ ಬೀಳದಂತೆ ಹಿಂದಿನ ಓಣಿಯಲ್ಲಿ ಓಡಾಡುತ್ತಿದ್ದ.

ಅಷ್ಟರಲ್ಲಿ ಮಂದಿ ನಿಂತು ನೋಡುವುದು ಶುರುವಾಯಿತು. ಇಳಕಲ್ಲ ಸೀರೆ ಉಟ್ಟವರು ಬಹಳ, ನೇಯುವುದನ್ನು ಕಂಡವರು ಕಡಿಮೆ. ರಾಮಥಾಳದಿಂದ ಸಂತೆಗೆ ಬಂದ ಮಾಯವ್ವ ಎಂಬ ಕುರುಬರ ಹೆಂಗಸು, ಈ ಬಣ್ಣದಲ್ಲಿ ಮಗಳಿಗೊಂದು ಸೀರೆ ಮಾಡಿಕೊಡುತ್ತೀಯಾ ಎಂದು ಅಮರಪ್ಪನನ್ನು ಕೇಳಿದಳು. ಅವನು ಟವೆಲ್ಲಿನೊಳಗೆ ಇನ್ನಷ್ಟು ಮುದುಡಿದ. ಕಿವಿ ಕೇಳಿಸುವುದಿಲ್ಲವೇನೋ ಎಂದು ಕೂಗಿ ಕೇಳಿದಳು. ಆಮೇಲೆ ಕೈಸನ್ನೆ ಮಾಡಿದಳು. ಅವನು ಕೈಸನ್ನೆಯಲ್ಲೇ ಒಳಗೆ ತೋರಿಸಿದ.

“ನಿನ್ನ ಗಂಡ ಹುಟ್ಟಾ ಮೂಕ ಏನವ್ವಾ?” ಎಂದು ಅವಳು ಲಕ್ಕವ್ವನನ್ನು ಕೇಳಿದಳು.

ಲಕ್ಕವ್ವನಿಗೆ ಅಂದು ಬೆಳಿಗ್ಗೆಯಿಂದ ಗಂಡನ ಮೇಲೆ ಸಿಟ್ಟಿತ್ತು. “ನಾ ಲಗ್ನಾಗಿ ಬಂದಾಗಿಂದ ಹಿಂಗ ಅದಾರ,” ಎಂದಳು.

ಮಾಯವ್ವನ ಕರುಳು ಚುರ್ರೆಂದಿತು. ತಮ್ಮ ದೇವರು ಬೀರಪ್ಪನಿಗೆ ಬೇಡಿಕೊಳ್ಳುತ್ತೇನೆಂದು ಹೇಳಿ, ಸೀರೆಗೂ ಹೇಳಿಹೋದಳು. ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟಿತು. ಪರವೂರಿನವರು ಅಮರಪ್ಪನ ಮಗ್ಗದ ಹತ್ತಿರ ಬಾಳೆಹಣ್ಣು ಇಟ್ಟು ಹೋಗತೊಡಗಿದರು. ಅಮರಪ್ಪನಿಗೂ ಇದು ಅನುಕೂಲವೇ ಆಯಿತು. ಮೂಕನಿಗೆ ಉತ್ತರ ಕೊಡುವ ಕಾಟವಿಲ್ಲ. ಟವೆಲ್ಲು ತಲೆಯಿಂದ ಹೆಗಲಿಗೆ ಇಳಿಯಿತು.

ಸೀರೆ ಮುಗಿಯುವ ಹೊತ್ತಿಗೆ ಮಾಯವ್ವ ತಂಗಿಯನ್ನು ಕರೆದುಕೊಂಡು ಬಂದಳು. ಕೆಂಪು ರೇಷ್ಮೆ ಸೆರಗನ್ನು ತೋರಿಸುತ್ತ, ಸೆರಗು ಬೇರೆ ಮೈ ಬೇರೆ ನೇಯ್ದು ಕಡೆಗೆ ಸೂಜಿಯಿಂದ ಹೊಲಿಯುತ್ತಾರೆ ಎಂದು ತಂಗಿಗೆ ವಿವರಿಸಿದಳು. ಅಮರಪ್ಪ ಲಾಳಿ ನಿಲ್ಲಿಸಿದ. ಏನನ್ನು ಬೇಕಾದರೂ ಸಹಿಸಬಲ್ಲವನಿಗೆ ಇದು ಸಹಿಸಲಾಗಲಿಲ್ಲ.

“ಯವ್ವಾ, ಅದು ಹೊಲದದ್ದಲ್ಲ. ಒಂದೊಂದ ಎಳಿ ಸಿಗಿಸಿ ಕೂಡಿಸಿದ್ದು. ಹೊಲಿಲಿಕ್ಕೆ ಇದೇನ ಚೀಲ ಏನು?”

ಮಾಯವ್ವ ರಸ್ತೆಯಲ್ಲೇ ಕೈಮುಗಿದು ಕುಳಿತುಬಿಟ್ಟಳು. ಬೀರಪ್ಪ ಮಾತು ಕೊಟ್ಟನೆಂದು ಕಣ್ಣೀರು ಸುರಿಸಿದಳು. ಹಾಗಲ್ಲ, ನನಗೆ ಮೊದಲಿನಿಂದಲೂ ಮಾತು ಬರುತ್ತದೆ ಎಂದು ಅಮರಪ್ಪ ತಿಳಿಹೇಳಿದಷ್ಟೂ ಅವಳ ಭಕ್ತಿ ಹೆಚ್ಚಿತು. ಸಂತೆಯಿಂದ ಸಂತೆಗೆ ನೋಡಲು ಬರುವವರು ಹೆಚ್ಚಿದರು. ಪ್ರತಿಯೊಬ್ಬರಿಗೂ ಅವನು ತಾನು ಮೂಕನಲ್ಲವೆಂದು ಮೊದಲಿನಿಂದ ಹೇಳಬೇಕು. ಗೆರೆ, ಗೋಡೆ, ಕಂಬಳಿ, ಲಾರಿ ಎಲ್ಲ ಹೇಳದೆ ಅದು ತಿಳಿಯುವುದಿಲ್ಲ. ಹೇಳುತ್ತ ಹೇಳುತ್ತ ಅವನಿಗೆ ಮಾತಿನ ರುಚಿ ಹತ್ತಿತು. ಕೇಳಿದವರು ಬರಿಗೈಯಲ್ಲಿ ಹೋಗಲು ನಾಚಿ ಸೀರೆಗೆ ಹೇಳಿಹೋಗುತ್ತಿದ್ದರು. ಪೇಟೆಯ ವ್ಯಾಪಾರಿಗೆ ಸೀರೆ ಮುಟ್ಟಿಸುವುದೇ ನಿಂತುಹೋಯಿತು.

ಮಳೆಗಾಲದ ಹೊತ್ತಿಗೆ ಗೌಸಸಾಬ ಕಲ್ಲು ಮಣ್ಣು ಹೇರಿಕೊಂಡು ಬಂದ. ಗೋಡೆ ಬೇಡ ಎಂದ ಅಮರಪ್ಪ.

“ಗ್ವಾಡಿ ಬ್ಯಾಡಂದ್ರ ನಾ ಯಾಕ ಬಂದೆ, ಅಮರಪ್ಪಣ್ಣ?”

“ಅಗಲಾದ ಬಾಗಲಾ ಇಡು. ಮಂದಿ ನೋಡ್ಲಿ.”

ಪಡಸಾಲೆ ಹಲಗೆ ಬಾಗಿಲ ಅಂಗಡಿಯಾಯಿತು. ಆದರೆ ರಸ್ತೆ ಬರೀ ಗಿರಾಕಿಗಳನ್ನು ತರಲಿಲ್ಲ, ಧೂಳನ್ನೂ ತಂದಿತು. ಬಿಳಿ ಅಂಚಿನ ಸೀರೆಯೊಂದು ಮಗ್ಗದ ಮೇಲೆಯೇ ಮಣ್ಣುಬಣ್ಣವಾದಾಗ ಮಗ್ಗವನ್ನು ಹಿಂದಿನ ಕೋಣೆಗೆ ಒಯ್ದರು. ಅಲ್ಲಿದ್ದ ಅಡಿಗೆ ಹಿತ್ತಲಿಗೆ ಹೋಯಿತು. ಓಣಿಯ ಹೆಂಗಸರು ಕುಳಿತು ನೂಲು ಸುತ್ತುತ್ತಿದ್ದ ಮನೆ ಮುಂದಿನ ಕಟ್ಟೆಗಳು ರಸ್ತೆಗೆ ಹೋಗಿ ಒಂದೂ ಉಳಿದಿರಲಿಲ್ಲ. ಮಧ್ಯಾಹ್ನ ಯಾರ ಜೊತೆ ಕೂರಬೇಕೆಂದು ತಿಳಿಯದೆ ಲಕ್ಕವ್ವ ಕೆಲವು ದಿನ ಸುಮ್ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮುಂದೆ ಮಗ್ಗಕ್ಕೆ ಇಳಿದವಳು ಅವಳೇ. ಅಮರಪ್ಪ ಅಂಗಡಿಯಲ್ಲಿ ಕುಳಿತು ಮಾತಾಡುತ್ತಿದ್ದ.

ಎಂಬತ್ತೆರಡರಲ್ಲಿ, ಉಳಿದ ಜಾಗದ ಕಾಗದ ಮಾಡಿಸಲು ಹುನಗುಂದದ ಕಚೇರಿಗೆ ಹೋಗಬೇಕಾಯಿತು. ಅಂಥ ಕೆಲಸ ಲಕ್ಕವ್ವನದೇ, ಆದರೂ ಅಮರಪ್ಪ ತಾನೇ ಹೋಗುತ್ತೇನೆಂದು ಹಟ ಹಿಡಿದು ಹೊರಟ. ಸಂಜೆಯ ಬಸ್ಸಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಕಲ್ಲಿನ ಲಾರಿಯೊಂದರಿಂದ ಇಳಿದು, ಡ್ರೈವರನಿಗೆ ಕೈಬೀಸಿ, ನಗುತ್ತ ಒಳಗೆ ಬಂದ. ಬಸ್ಸು ತಪ್ಪಿತೇ ಎಂದು ಲಕ್ಕವ್ವ ಕೇಳಿದಳು.

“ಬಸ್ಸ ಬಂದಿತ್ತು. ಮಾತ ಮುಗಿದಿರಲಿಲ್ಲ.”

“ಕಾಗದಾ?”

ಅಮರಪ್ಪ ಟವೆಲ್ಲು ತೆಗೆದು ಬಾಯಿ ಒರೆಸಿಕೊಂಡ. ಲಕ್ಕವ್ವ ಲಾಳಿ ಅವನ ಕೈಗೆ ಕೊಟ್ಟು, ಸೀರೆ ಬದಲಿಸಿ, ಹತ್ತರ ಬಸ್ಸಿಗೆ ಹುನಗುಂದಕ್ಕೆ ಹೋದಳು.