ರೇಣಮ್ಮನ ಸಾಕ್ಷಿ

ಕುರಿ ಸತ್ತ ಮೇಲೆ ಫೋನಿನಲ್ಲಿ ಚುಕ್ಕೆ ಕೆಂಪಗಾಯಿತು. ಅಲ್ಲಿಯವರೆಗೂ ಹಸಿರೇ ಇತ್ತು.

ಸುರಪುರದ ಪಾಲಿಟೆಕ್ನಿಕ್ಕಿನ ಸ್ಟಾಫ್ ರೂಮಿನಲ್ಲಿ ಕೂತು ನಂದಿನಿ ಅದನ್ನೇ ನೋಡುತ್ತಿದ್ದಳು. ಅತ್ತ ಕಡೆ ರಾಮಸಮುದ್ರದ ಹಟ್ಟಿಯಿಂದ ತಮ್ಮ ಬೀರೇಶ ಫೋನಿನಲ್ಲಿದ್ದ. ಕುರಿಗಳ ಕೊರಳಿಗೆ ಪಟ್ಟಿ ಸರಿಯಾಗಿ ಕಟ್ಟಿದ್ದೆಯೇನೋ ಎಂದು ಆಕೆ ಎರಡು ಸಲ ಕೇಳಿದಳು. ಕಟ್ಟಿದ್ದು ಕಟ್ಟಿದ ಹಾಗೇ ಇದೆ ಎಂದ. ಮತ್ತೆ ಯಂತ್ರ ಏನೂ ತೋರಿಸಲಿಲ್ಲವೇ ಎಂದಳು.

"ತೋರಿಸ್ತಕ್ಕಾ. ಸತ್ತ ಮ್ಯಾಲ ಕೆಂಪಗಾತು. ಸತ್ತದ್ದು ನನಗೂ ಕಾಣ್ತದ."

ಬೀರೇಶ ಚುಚ್ಚಿ ಮಾತಾಡುವವನಲ್ಲ. ಅದಕ್ಕೇ ಆ ಮಾತು ನಂದಿನಿಗೆ ನಾಟಿತು. ಎರಡು ಕುರಿ ಸತ್ತಿದ್ದವು, ಇನ್ನೂ ನಾಲ್ಕೈದು ತುಟಿ ಊದಿಸಿಕೊಂಡು ತಲೆ ಕೆಳಗೆ ಹಾಕಿದ್ದವಂತೆ. ನೀಲಿನಾಲಿಗೆ ರೋಗ, ಹೋದ ಮಳೆಗಾಲದಲ್ಲೂ ಬಂದಿತ್ತು. ಹೋದ ವರ್ಷ ಇದೇ ಯಂತ್ರ ಡಾಕ್ಟರು ಹೇಳುವುದಕ್ಕಿಂತ ಎರಡು ದಿನ ಮೊದಲೇ ಬೇನೆಯ ಕುರಿಗಳನ್ನು ಹೆಸರು ಹಿಡಿದು ಕರೆದಂತೆ ತೋರಿಸಿತ್ತು. ಈ ವರ್ಷ ಅದಕ್ಕೆ ಕಣ್ಣು ಕಟ್ಟಿದವರು ಯಾರು?

ಸೋಮವಾರ ಯಾದಗಿರಿಯಲ್ಲಿ ಆಕೆಯ ಕೊನೆಯ ಸೆಮಿನಾರು ಇತ್ತು. ಅದು ದಾಟಿದರೆ ಪಿಎಚ್‌ಡಿ ಪ್ರಬಂಧ ಒಪ್ಪಿಸಬಹುದು. ದಾಟದಿದ್ದರೆ ಇಷ್ಟು ವರ್ಷದ ನೋಂದಣಿಯೇ ರದ್ದು, ಏಕೆಂದರೆ ಗಡುವನ್ನು ಒಮ್ಮೆ ಮುಂದೂಡಿಸಿಕೊಂಡು ಆಗಿತ್ತು. ಎರಡನೇ ಸಲ ಕೊಡುವ ಪದ್ಧತಿ ಇರಲಿಲ್ಲ.

ನಂದಿನಿ ಕುರುಬರ ಮಲ್ಕಪ್ಪನ ಮಗಳು. ಮಲ್ಕಪ್ಪ ಬದುಕಿದ್ದಾಗ ಕೆಂಗುರಿ ಹಿಂಡಿನ ಹಿಂದೆ ರೇಡಿಯೋ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ. ಆ ರೇಡಿಯೋ ಬಿಚ್ಚಿ, ಮತ್ತೆ ಜೋಡಿಸಲಾಗದೆ, ಅಪ್ಪನ ಕೈಯಲ್ಲಿ ಬೈಸಿಕೊಂಡವಳು ಮುಂದೆ ಎಲೆಕ್ಟ್ರಾನಿಕ್ಸ್ ಇಂಜಿನಿಯರಾದಳು. ಸುರಪುರದಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಹೆಸರಿಗೆ ಅತಿಥಿ, ಆದರೆ ಉಪಚಾರ ಮಾಡುವವರು ಯಾರೂ ಇಲ್ಲ, ಪ್ರತಿ ವರ್ಷ ಮತ್ತೆ ಬಾಗಿಲು ತಟ್ಟಬೇಕು. ಕಾಯಂ ಕೆಲಸಕ್ಕೆ ಪಿಎಚ್‌ಡಿ ಬೇಕು ಎಂದು ಯಾದಗಿರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿಶ್ವರಾಧ್ಯ ಸರ್ ಅವರ ಕೈಕೆಳಗೆ ಸಂಶೋಧನೆಗೆ ಸೇರಿದಳು.

ವಿಷಯ ಹುಡುಕಲು ದೂರ ಹೋಗಲಿಲ್ಲ. ಕುರಿಯ ಕೊರಳಿಗೆ ಒಂದು ಪಟ್ಟಿ, ಪಟ್ಟಿಯಲ್ಲಿ ಅಲುಗಾಟ ಅಳೆಯುವ ಬೆರಳುಗಾತ್ರದ ಸಾಧನ, ಸಣ್ಣ ರೇಡಿಯೋ. ಊರಿನ ನೀರಿನ ಟ್ಯಾಂಕಿನ ಮೇಲೆ ಕೂರಿಸಿದ ಪೆಟ್ಟಿಗೆ ಅದರ ಮಾತು ಕೇಳಿಸಿಕೊಂಡು ಕಂಪ್ಯೂಟರಿಗೆ ಕಳಿಸುತ್ತದೆ. ಯಾವ ಕುರಿ ಯಾವಾಗ ಬೇನೆ ಬಿತ್ತು ಎಂಬ ಡಾಕ್ಟರ ದಾಖಲೆಯನ್ನೂ ಕಂಪ್ಯೂಟರಿಗೆ ಕೊಟ್ಟಳು. ಬೇನೆ ಬೀಳುವ ಮುಂಚೆ ಕುರಿ ಹೇಗೆ ಅಲುಗುತ್ತದೆ ಎಂಬುದನ್ನು ಅದು ತಾನೇ ಕಲಿಯಿತು. ಯಂತ್ರ ಕಲಿಯಿತು ಎಂದು ಈಗ ಎಲ್ಲರೂ ಸಲೀಸಾಗಿ ಹೇಳುತ್ತಾರೆ, ಏನನ್ನು ಕಲಿಯಿತು ಎಂದು ಕೇಳುವವರು ಕಡಿಮೆ. ನಂದಿನಿಯೂ ಕೇಳಿರಲಿಲ್ಲ. ಫಲಿತಾಂಶ ಅಷ್ಟು ಚೆಂದ ಬಂದಿತ್ತು. ಒಂದು ಸಂಶೋಧನಾ ಪತ್ರಿಕೆ ಲೇಖನ ಒಪ್ಪಿಕೊಂಡಿತ್ತು. ಸುತ್ತಲಿನ ಕುರಿಗಾರರ ಸಂಘವೊಂದು ತಮ್ಮ ಹಿಂಡುಗಳಿಗೂ ಪಟ್ಟಿ ಬೇಕೆಂದು ಕಾದು ಕೂತಿತ್ತು.

ಶುಕ್ರವಾರ ರಜೆ ಹಾಕಿ, ಶಹಾಪುರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಹಟ್ಟಿ ಮುಟ್ಟಿದಳು. ಟ್ಯಾಂಕು ಹತ್ತಿ ಪೆಟ್ಟಿಗೆ ನೋಡಿದಳು, ಬ್ಯಾಟರಿ ನೋಡಿದಳು, ಪಟ್ಟಿಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದಳು. ಯಾವುದೂ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಆಮೇಲೆ ಹಿಂಡಿನ ಜೊತೆ ನಡೆದಳು. ತುಟಿ ಊದಿದ ಒಂದು ಕುರಿಯನ್ನೇ ಗುರಿಯಿಟ್ಟು ನೋಡಿದಳು. ಮೇಯುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ಆದರೆ ನಡೆಯುತ್ತಿತ್ತು. ಹಿಂಡು ನಡೆದರೆ ಜ್ವರ ಬಂದ ಕುರಿಯೂ ನಡೆಯುತ್ತದೆ, ಹಿಂದೆ ಉಳಿದರೆ ತೋಳದ ಬಾಯಿಗೆ ಎಂದು ಅದಕ್ಕೆ ಹುಟ್ಟಿನಿಂದ ಗೊತ್ತು. ಯಂತ್ರ ಹಸಿರು ತೋರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಗಾದರೆ ಹೋದ ವರ್ಷದ ಬೇನೆಯ ಕುರಿಗಳು ಯಾಕೆ ಅಷ್ಟು ಸುಮ್ಮನಿದ್ದವು? ಬೇವಿನ ಮರದ ಕೆಳಗೆ ಲ್ಯಾಪ್‌ಟಾಪ್ ತೆಗೆದು ಹೋದ ವರ್ಷದ ಅಲುಗಾಟದ ಗೆರೆಗಳನ್ನು ನೋಡಿದಳು. ಬೇನೆಯ ದಿನಗಳಲ್ಲಿ ಗೆರೆ ನೆಲಕ್ಕೆ ಅಂಟಿತ್ತು, ಆಗೊಮ್ಮೆ ಈಗೊಮ್ಮೆ ಸಣ್ಣಗೆ ಅಲುಗಿತ್ತು. ಮಲಗಿದ ಕುರಿ ಮಗ್ಗಲು ಬದಲಿಸಿದ್ದು ಎಂದು ಪ್ರಬಂಧದಲ್ಲಿ ಬರೆದಿದ್ದಳು. ಈಗ ಅದೇ ಗೆರೆಯ ಪಕ್ಕದಲ್ಲಿ, ತುಟಿ ಊದಿದ ಕುರಿಯ ಇವತ್ತಿನ ಗೆರೆ ಇಟ್ಟು ನೋಡಿದಳು, ಹೋಲಿಕೆಯೇ ಇರಲಿಲ್ಲ.

ಹೋದ ವರ್ಷಕ್ಕೂ ಈ ವರ್ಷಕ್ಕೂ ಹಟ್ಟಿಯಲ್ಲಿ ಬದಲಾದದ್ದು ಒಂದೇ. ಅವ್ವ ರೇಣಮ್ಮ ಈ ಸಲ ಇರಲಿಲ್ಲ. ಹಿರಿಮಗಳ ಬಾಣಂತನಕ್ಕೆಂದು ಸೈದಾಪುರಕ್ಕೆ ಹೋಗಿದ್ದವಳು, ಕುರಿ ಸತ್ತ ಸುದ್ದಿ ಕೇಳಿ ಅವತ್ತೇ ಸಂಜೆ ಬಂದಳು. ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದವಳನ್ನು ನಂದಿನಿ ಕೇಳಿದಳು, ಹೋದ ವರ್ಷ ಬೇನೆ ಬಿದ್ದ ಕುರಿಗಳ ಪಟ್ಟಿಯನ್ನು ಯಾರಾದರೂ ಮುಟ್ಟಿದ್ದರೇ ಎಂದು.

"ನಾನ ಬಿಚ್ಚತಿದ್ದೆ" ಎಂದಳು ರೇಣಮ್ಮ. "ಬೀರಪ್ಪನ ಹೆಸರಿಲೆ ಭಂಡಾರದ ದಾರ ಕಟ್ಟಿದ ಕೊರಳಾಗ ಮತ್ತೊಂದು ಇರಬಾರದವ್ವ. ಬಿಚ್ಚಿ ಹಟ್ಟಿ ಗೂಟಕ್ಕ ಹಾಕ್ತಿದ್ದೆ, ಆರಾಮಾದ ಮ್ಯಾಲ ಮತ್ತ ಕಟ್ಟತಿದ್ದೆ. ಒಂದೂ ಕಳದಿಲ್ಲ ನೋಡು."

ಆ ಮನೆಯ ನೇಮ ಅದು. ಕುರಿ ಮಂಕಾಗಿ ನಿಂತರೆ ಮನೆದೇವರು ಬೀರಪ್ಪನಿಗೆ ಬೇಡಿಕೊಂಡು ಅರಿಶಿನದ ದಾರ ಕಟ್ಟುವುದು, ಡಾಕ್ಟರಿಗೆ ಹೇಳಿ ಕಳಿಸುವುದು ಆಮೇಲೆ. ಡಾಕ್ಟರು ಬರುವುದಕ್ಕೆ ಎರಡು ದಿನ. ಯಂತ್ರ ಎರಡು ದಿನ ಮೊದಲೇ ಹೇಳಿದ್ದರ ಗುಟ್ಟು ಇಷ್ಟೇ! ಪಟ್ಟಿ ಗೂಟಕ್ಕೆ ಹೋಗಿ ಸುಮ್ಮನಾದದ್ದನ್ನೇ ಅದು ಬೇನೆ ಎಂದು ಕಲಿತಿತ್ತು. ಗೂಟಕ್ಕೆ ನೇತುಬಿದ್ದ ಪಟ್ಟಿಗೆ ಮರಿಗಳು ಮೈ ಉಜ್ಜಿದಾಗ ಗೆರೆ ಸಣ್ಣಗೆ ಅಲುಗಿತ್ತು. ಹಾಗೆಂದು ರೇಣಮ್ಮ ಬೇನೆ ಬಲ್ಲವಳೇನಲ್ಲ, ಎರಡು ಸಲ ಕೆಮ್ಮಿದ ಕುರಿಗೂ ದಾರ ಕಟ್ಟುವವಳು. ದಾರ ಕಟ್ಟಿಸಿಕೊಂಡು ಏನೂ ಆಗದೆ ಓಡಾಡಿದ ಕುರಿಗಳಿಗೆ ಪ್ರಬಂಧದಲ್ಲಿ 'ಯಂತ್ರದ ಅಲ್ಪ ದೋಷ' ಎಂದು ಹೆಸರು ಬಿದ್ದಿತ್ತು.

ನಂದಿನಿ ಕಟ್ಟೆಯ ಮೇಲೆ ಕೂತಳು. ಬಿಚ್ಚಬಾರದೆಂದು ಅವ್ವನಿಗೆ ತಾನು ಹೇಳಿದ್ದೆನೇ ಎಂದು ನೆನಪಿಸಿಕೊಂಡಳು. ಬೀರೇಶನಿಗೆ ಹೇಳಿದ್ದಳು, ಅವ್ವನಿಗೆ ಹೇಳಿರಲಿಲ್ಲ. ನಿಧಾನವಾಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅರ್ಧ ತಿಳಿಯಿತೋ ಪೂರ್ತಿ ತಿಳಿಯಿತೋ, ಮಗಳ ಓದಿಗೆ ತನ್ನ ಕೈಯಿಂದ ಕುತ್ತು ಬಂದಿದೆ ಎಂಬುದಂತೂ ರೇಣಮ್ಮನಿಗೆ ತಿಳಿಯಿತು. ಇದು ಯಾರಿಗೆ ಗೊತ್ತು ಎಂದು ಕೇಳಿದಳು. ನಮ್ಮ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದಳು ನಂದಿನಿ.

"ಹಂಗಾದ್ರ ನಾ ಬಿಚ್ಚೇ ಇಲ್ಲ ಬಿಡು."

ಆ ಮಾತು ಕೇಳಿ ನಂದಿನಿಗೆ ಜೀವ ಹಗುರಾಯಿತು. ನಾಚಿಕೆಯೂ ಆಯಿತು, ಆದರೆ ಹಗುರಾದದ್ದು ಸುಳ್ಳಲ್ಲ. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಶನಿವಾರ ಯಾದಗಿರಿಗೆ ಹೋಗಿ ವಿಶ್ವರಾಧ್ಯ ಸರ್ ಮುಂದೆ ಮಾತ್ರ ಎಲ್ಲ ಹೇಳಿಕೊಂಡಳು. ಸರ್ ಕೆಟ್ಟವರಲ್ಲ. ಆಕೆಯ ವಿದ್ಯಾರ್ಥಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದವರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಈ ವರ್ಷದ ಲೆಕ್ಕ ಪ್ರಬಂಧದಲ್ಲಿ ಇಲ್ಲವೇ ಇಲ್ಲ, ಇಲ್ಲದ್ದನ್ನು ಎಳೆದು ತರುವುದು ಯಾಕೆ, ಪದವಿ ಬಂದ ಮೇಲೆ ತಿದ್ದಿಕೊಂಡರಾಯಿತು ಎಂದರು.

"ಕೇಳಿದ್ರ ಹೇಳು. ಕೇಳದಿದ್ರ ಬಾಯಿ ತೆಗೀಬ್ಯಾಡ. ಆರು ವರ್ಷ ದುಡಿದೀದಿ, ನೀರಾಗ ಹಾಕಬ್ಯಾಡ."

ಇದು ನಂದಿನಿಗೆ ನ್ಯಾಯವಾಗಿ ಕಂಡಿತು. ಕೇಳಿದರೆ ಹೇಳುವುದು, ಕೇಳದಿದ್ದರೆ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತಹ ಒಪ್ಪಂದ. ಆದರೆ ಭಾನುವಾರ ಮತ್ತೆರಡು ಕುರಿ ಸತ್ತವು. ಮೊದಲೆಲ್ಲ ಬೀರೇಶ ಬೆಳಗಾಗೆದ್ದು ಕುರಿಗಳ ನಡುವೆ ಹೊಕ್ಕು ಕಿವಿ ಮುಟ್ಟಿ, ಮೂತಿ ಎತ್ತಿ ನೋಡುತ್ತಿದ್ದ. ಅಕ್ಕನ ಯಂತ್ರ ಬಂದ ಮೇಲೆ ಹಾಸಿಗೆಯಲ್ಲೇ ಫೋನು ನೋಡಿ, ಎಲ್ಲ ಹಸಿರಿದ್ದರೆ ಮಗ್ಗಲು ಬದಲಿಸುತ್ತಿದ್ದ. ಅವನೇ ಒಪ್ಪಿಕೊಂಡು ಹೇಳಿದ. ನಾಳೆ ಸಂಘದವರ ಹಟ್ಟಿಗಳಲ್ಲೂ ಇದೇ ನಡೆಯುತ್ತದೆ ಎಂಬುದು ನಂದಿನಿಗೆ ಹೊಳೆಯಿತು.

ಸೋಮವಾರ ಸೆಮಿನಾರ್ ಹಾಲಿನಲ್ಲಿ ಫ್ಯಾನು ತಿರುಗುತ್ತಿದ್ದರೂ ಆಕೆಯ ಬೆನ್ನು ಬೆವೆತಿತ್ತು. ಹೊರಗಿನ ವಿಶ್ವವಿದ್ಯಾಲಯದಿಂದ ತಜ್ಞೆಯಾಗಿ ಬಂದಿದ್ದ ಭಾರತಿ ಮೇಡಂ ಮುಂದಿನ ಸಾಲಿನಲ್ಲಿ ಪೆನ್ನು ಹಿಡಿದು ಕೂತಿದ್ದರು. ನಂದಿನಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ತೆರೆಯ ಮೇಲೆ ನಾಲ್ಕನೆಯ ಚಿತ್ರಕ್ಕೆ ಬಂದಾಗ ಹಿಂದಿನ ಬಾಗಿಲು ತೆರೆಯಿತು. ಬೀರೇಶ, ಅವನ ಹಿಂದೆ ಇಳಕಲ್ ಸೀರೆ ಉಟ್ಟ ರೇಣಮ್ಮ. ಯಾರೂ ಕರೆದಿರಲಿಲ್ಲ. ಮಗಳ ನಾಲಿಗೆ ಒಂದು ಗಳಿಗೆ ತೊದಲಿತು.

ಹಿಂಡಿನವರೇ ಬಂದಿದ್ದಾರೆ ಎಂದು ಯಾರೋ ಮೆಲ್ಲಗೆ ಹೇಳಿದ್ದು ಭಾರತಿ ಮೇಡಂಗೆ ಕೇಳಿಸಿತು. ತಿರುಗಿ ನೋಡಿ ನಕ್ಕರು. ಪ್ರಶ್ನೆಗಳ ಹೊತ್ತು ಬಂದಾಗ, ಬಂದವರಿಗೂ ತಿಳಿಯಲೆಂದು ಕನ್ನಡದಲ್ಲೇ ಕೇಳಿದರು.

"ಪ್ರಯೋಗ ನಡೆದಾಗ ಈ ಪಟ್ಟಿಗಳನ್ನು ಕುರಿಗಳಿಂದ ಯಾರಾದರೂ ಬಿಚ್ಚಿದ್ದುಂಟೇ?"

ಕೇಳಿಯೇಬಿಟ್ಟರು. ನಂದಿನಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ರೇಣಮ್ಮ ಎದ್ದು ನಿಂತಿದ್ದಳು.

"ಯಾರೂ ಮುಟ್ಟಿಲ್ರಿ ಮೇಡಮ್ಮೋರ. ಹಟ್ಟಿಯಾಗ ಇರಾಕಿ ನಾನ. ಒಂದು ದಿನಾನೂ ಬಿಚ್ಚಿಲ್ರಿ."

ಹಾಲಿನಲ್ಲಿ ಮೆಚ್ಚುಗೆಯ ನಗು ಎದ್ದಿತು. ತಾಯಿಯೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಎಂದು ಭಾರತಿ ಮೇಡಂ ಹಾಳೆ ತಿರುವಿದರು. ಪ್ರಶ್ನೆ ಮುಗಿದುಹೋಯಿತು. ನಂದಿನಿ ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನೆ ಮುಂದಿನ ಚಿತ್ರಕ್ಕೆ ಹೋದರೆ ಸಾಕಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ವಿಶ್ವರಾಧ್ಯ ಸರ್ ನೆಲ ನೋಡುತ್ತಿದ್ದರು. ಅವ್ವ ಇನ್ನೂ ನಿಂತೇ ಇದ್ದಳು, ಮಗಳ ಮುಖವನ್ನೇ ನೋಡುತ್ತ. ಈಗ ನಿಜ ಹೇಳಿದರೆ ಹೋಗುವುದು ತನ್ನ ಪದವಿಯೊಂದೇ ಅಲ್ಲ. ಹುಟ್ಟಿದಾಗಿನಿಂದ ಕಾಲೇಜಿನ ಮೆಟ್ಟಿಲು ಹತ್ತದ ಹೆಂಗಸೊಬ್ಬಳು ಇಷ್ಟು ಜನರ ಮುಂದೆ ಸುಳ್ಳುಗಾತಿ ಆಗುತ್ತಾಳೆ. ಅದಕ್ಕಿಂತ ಸುಮ್ಮನಿರುವುದೇ ಪುಣ್ಯ ಎನಿಸಿತು. ಅಷ್ಟರಲ್ಲಿ ಆಕೆಯ ಕಣ್ಣು ಬೀರೇಶನ ಮೇಲೆ ಬಿತ್ತು. ಅವನು ತಲೆ ತಗ್ಗಿಸಿ, ಅಂಗೈಯಲ್ಲಿ ಫೋನು ಹಿಡಿದು, ಹಟ್ಟಿಯಲ್ಲಿ ಬಿಟ್ಟು ಬಂದ ಕುರಿಗಳ ಚುಕ್ಕೆ ನೋಡುತ್ತಿದ್ದ. ಅಷ್ಟಾದರೂ ಅವನಿನ್ನೂ ಅದನ್ನು ನಂಬಿದ್ದ.

"ನಮ್ಮವ್ವ ನನ್ನ ಸಲುವಾಗಿ ಸುಳ್ಳು ಹೇಳಾಕತ್ತಾಳ್ರಿ ಮೇಡಂ" ಎಂದಳು ನಂದಿನಿ. ಇಂಗ್ಲಿಷು ಎಲ್ಲಿ ಹೋಯಿತೋ. "ಬಿಚ್ಚಿದಾಕಿ ಆಕಿನ. ನನ್ನ ಯಂತ್ರ ಬ್ಯಾನಿ ಹಿಡಿದಿಲ್ರಿ, ಅವ್ವ ಬಿಚ್ಚಿದ ಪಟ್ಟಿ ಹಿಡಿದದ."

ರೇಣಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕೂತಳು. ಹಾಲಿನಲ್ಲಿ ಯಾರೂ ನಗಲಿಲ್ಲ. ಭಾರತಿ ಮೇಡಂ ಒಂದೊಂದಾಗಿ ಕೇಳಿದರು, ನಂದಿನಿ ಒಂದೊಂದಾಗಿ ಹೇಳಿದಳು. ಗೂಟ, ದಾರ, ಮರಿಗಳು, ಸತ್ತ ನಾಲ್ಕು ಕುರಿ, ಎಲ್ಲ. ಸಮಿತಿ ಒಳಗೆ ಕೂತು ಮಾತಾಡಿಕೊಂಡಿತು. ತೀರ್ಮಾನ ಬೇರೆ ಏನು ಬಂದೀತು? ಪ್ರಬಂಧ ಒಪ್ಪಿಸುವಂತಿಲ್ಲ, ಗಡುವು ಮುಗಿದು ನೋಂದಣಿ ರದ್ದಾದ ಮೇಲೆ ಹೊಸದಾಗಿ ಹೆಸರು ಬರೆಸಿ ಮೊದಲಿನಿಂದ ಮಾಡಬೇಕು. ಹೊರಡುವಾಗ ಭಾರತಿ ಮೇಡಂ ಆಕೆಯ ಭುಜ ಮುಟ್ಟಿದರು. ವಿಶ್ವರಾಧ್ಯ ಸರ್, ಲೇಖನ ವಾಪಸ್ ತೆಗೆದುಕೊಳ್ಳಿ ಎಂದು ಪತ್ರಿಕೆಗೆ ತಾವೇ ಬರೆಯುವುದಾಗಿ ಹೇಳಿ, ಮುಖ ನೋಡದೆ ಹೋದರು.

ಬಸ್ ನಿಲ್ದಾಣದವರೆಗೆ ಮೂವರೂ ನಡೆದರು. ಪೇಟೆಯಲ್ಲಿದ್ದ ಸಂಘದ ಕಚೇರಿಗೆ ಹೋಗಿ, ಪಟ್ಟಿ ಈಗ ಕೊಡುವುದಿಲ್ಲ ಎಂದು ತಿಳಿಸಿ ಬಾ ಎಂದು ನಂದಿನಿ ತಮ್ಮನನ್ನು ಕಳಿಸಿದಳು. ಕಲ್ಲುಬೆಂಚಿನ ಮೇಲೆ ತಾಯಿ ಮಗಳು ಉಳಿದರು. ನಂದಿನಿಗೆ ಅಳು ಬಂತು, ಅತ್ತಳು. ಪದವಿಗಾಗಿ ಎಷ್ಟು, ಅವ್ವನ ಮಾನ ತೆಗೆದದ್ದಕ್ಕೆ ಎಷ್ಟು ಎಂದು ಆಕೆಗೇ ಗೊತ್ತಾಗಲಿಲ್ಲ. ರೇಣಮ್ಮ ತಡೆಯಲಿಲ್ಲ. ಬೀರಪ್ಪನ ಆಣೆ ಹಾಕಿಸಿದ್ದರೆ ತಾನು ಹಾಗೆ ಹೇಳುತ್ತಿರಲಿಲ್ಲ, ಯಾರೂ ಹಾಕಿಸಲಿಲ್ಲ ಎಂದು ತನ್ನಷ್ಟಕ್ಕೆ ಗೊಣಗಿದಳು. ಆಮೇಲೆ ಮಗಳು ಮುಖ ಒರೆಸಿಕೊಳ್ಳುವವರೆಗೆ ಕಾದು ಕೇಳಿದಳು.

"ಮತ್ತ ಹೊಸದು ಬರಿಯುವಾಗ, ನಾ ಬಿಚ್ಚಿದ್ದು ಬರೀತಿ ಏನು?"

"ಬರೀಬೇಕವ್ವ. ನಿನ್ನ ಹೆಸರೂ ಹಾಕಬೇಕು."

ರೇಣಮ್ಮ ಬರುತ್ತಿದ್ದ ಬಸ್ಸಿನ ಕಡೆ ನೋಡಿದಳು. ಅದು ಅವರೂರಿನ ಬಸ್ಸಲ್ಲ.

"ಹಾಕು. ಇವತ್ತು ಎದ್ದು ನಿಂತು ಹೇಳಿದ್ದು ಮಾತ್ರ ಬರೀಬ್ಯಾಡ."