ಶಿವಪುತ್ರಪ್ಪನ ಅಳು

ಬಿಬವೇವಾಡಿಯ ಬಸವಣ್ಣೆವ್ವ ಅಳುವುದರಲ್ಲಿ ಹೆಸರುವಾಸಿ. ಇದು ಬೈಗುಳವಲ್ಲ. ಇಂಡಿ ತಾಲೂಕಿನಿಂದ ಮದುವೆಯಾಗಿ ಪುಣೆಗೆ ಬಂದು ಅವಳಿಗೆ ಮೂವತ್ತೆಂಟು ವರ್ಷ. ಅಷ್ಟೂ ವರ್ಷ ಇಲ್ಲಿಯ ನಮ್ಮ ಕಡೆಯವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಅಯ್ಯನವರಿಗೆ, ಎರಡನೆಯದು ಅವಳಿಗೆ. ಹೆಣದ ಮುಂದೆ ಸುಮ್ಮನೆ ಕಣ್ಣೊರೆಸಿಕೊಂಡರೆ ನಮ್ಮಲ್ಲಿ ಅದನ್ನು ಅಳು ಅನ್ನುವುದಿಲ್ಲ. ಸತ್ತವರ ಹೆಸರು ಹಿಡಿದು, ಗುಣ ಎತ್ತಿ, ಹಾಡ್ಯಾಡಿ ಅಳಬೇಕು. ಹಾಗೆ ಅಳುವವರು ಊರಲ್ಲೇ ಬೆರಳೆಣಿಕೆಯಷ್ಟು ಉಳಿದಿದ್ದಾರೆ, ಪುಣೆಗೆ ಎಲ್ಲಿಂದ ಬರಬೇಕು?

ಅವಳಿಗೊಂದು ಪದ್ಧತಿ ಇತ್ತು. ಸತ್ತವರ ಮನೆಗೆ ಹೋದವಳು ಬಾಗಿಲಲ್ಲೇ ಬಾಯಿ ತೆರೆಯುತ್ತಿರಲಿಲ್ಲ. ಮನೆಯ ಹೆಂಗಸರಲ್ಲಿ ಒಬ್ಬಳನ್ನು ಅಡುಗೆಮನೆಗೆ ಕರೆದು ಮೂರು ಮಾತು ಕೇಳುತ್ತಿದ್ದಳು. ಏನನ್ನು ಆಸೆಪಟ್ಟು ಉಣ್ಣುತ್ತಿದ್ದರು, ಕೈಯಿಂದ ಯಾವ ಕೆಲಸ ಚೆನ್ನಾಗಿ ಆಗುತ್ತಿತ್ತು, ಮನೆಯಲ್ಲಿ ಅವರು ಮಾಡುತ್ತಿದ್ದುದನ್ನು ಇನ್ನು ಯಾರೂ ಮಾಡಲಾರರು ಅನ್ನುವಂಥದ್ದು ಯಾವುದು. ಈ ಮೂರು ಸಿಕ್ಕರೆ ಸಾಕು. ಹೊರಗೆ ಬಂದು ಕೂತು, ಸೆರಗು ಮುಖಕ್ಕೆಳೆದುಕೊಂಡು ದನಿ ತೆಗೆದಳೆಂದರೆ, ಅಪ್ಪನ ಮೇಲೆ ಕೋರ್ಟು ಹತ್ತಿದ ಮಗನೂ ಗೋಡೆಗೆ ಹಣೆಯಿಟ್ಟು ಅಳುತ್ತಿದ್ದ. ಎರಡು ಕಟ್ಟಳೆಗಳನ್ನು ಅವಳು ಮುರಿಯುತ್ತಿರಲಿಲ್ಲ. ಬದುಕಿದವರ ಹೆಸರು ಹಿಡಿದು ಅಳಬಾರದು. ಒಬ್ಬರನ್ನು ಎರಡು ಸಲ ಅಳಬಾರದು. ಅತ್ತು ಕಳಿಸಿದವರನ್ನು ಮತ್ತೆ ಕರೆದರೆ ಅವರು ದಾರಿಯಲ್ಲಿ ನಿಂತುಬಿಡುತ್ತಾರೆ ಎಂದು ಅವಳ ತಾಯಿ ಹೇಳಿದ್ದಳು.

ಗಂಡ ಶಿವಪುತ್ರಪ್ಪ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ದಲಾಲರ ಅಂಗಡಿಯಲ್ಲಿ ತೂಕ ಮಾಡುವವನು. ಮಾತು ಕಡಿಮೆ, ನಗು ಹೆಚ್ಚು. ಹೆಂಡತಿ ಸಾವಿನ ಮನೆಯಿಂದ ಬರುವಷ್ಟರಲ್ಲಿ ಬಾಗಿಲ ಹೊರಗೆ ಒಂದು ಬಕೆಟ್ ನೀರು ಇಟ್ಟಿರುತ್ತಿದ್ದ. ನಮಗೆ ಸೂತಕವಿಲ್ಲವೆಂದು ಅಯ್ಯನವರು ನೂರು ಸಲ ಹೇಳಲಿ, ಕಾಲು ಮುಖ ತೊಳೆಯದೆ ಒಳಗೆ ಬರುವ ಹೆಂಗಸಲ್ಲ ಅವಳು. ಅವರಿಗೆ ಹುಟ್ಟಿದ ಒಂದೇ ಒಂದು ಹೆಣ್ಣುಕೂಸು ಒಂಬತ್ತು ದಿನಕ್ಕೆ ಹೋಗಿತ್ತು. ಆಮೇಲೆ ಇಬ್ಬರೇ.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಡಬ್ಬಿಂಗ್ ಸ್ಟುಡಿಯೋ ಇಟ್ಟಿದ್ದ ವಿಕಾಸ, ಸೊಲ್ಲಾಪುರದ ಕನ್ನಡದವನು, ತನ್ನ ತಾಯಿಯ ಹೆಣದ ಮುಂದೆ ಅವಳ ಅಳು ಕೇಳಿದ. ತಿಂಗಳು ಕಳೆಯುವುದರೊಳಗೆ ಅವಳ ಮನೆಗೆ ಬಂದ.

"ಕಾಕು, ನಮ್ಮ ಸೀರಿಯಲ್ಲಿಗೆ ಅಳೋರ ಸಿಗವಲ್ರು. ಈಗಿನ ಹುಡುಗ್ಯಾರು ಅತ್ರ ನೆಗಡಿ ಬಂದಂಗ ಕೇಳತದ."

ಹೀಗೆ ಶುರುವಾಯಿತು. ಮರಾಠಿ ಹಿಂದಿ ಧಾರಾವಾಹಿಗಳು ಕನ್ನಡಕ್ಕೆ ಬರುವಾಗ ಅವುಗಳ ವಿಧವೆಯರು, ತಾಯಂದಿರು, ಮೋಸಹೋದ ಅತ್ತೆಯರು ಎಲ್ಲರೂ ಹನ್ನೊಂದು ವರ್ಷ ಬಸವಣ್ಣೆವ್ವನ ಗಂಟಲಲ್ಲಿ ಅತ್ತರು. ಪರದೆಯ ಮೇಲೆ ಅವಳ ಹೆಸರು ಒಂದು ಸಲವೂ ಬರಲಿಲ್ಲ, ಅವಳು ಕೇಳಲೂ ಇಲ್ಲ. ಆದರೆ ಮೂರು ಮಾತು ಮಾತ್ರ ಇಲ್ಲಿಯೂ ಕೇಳುತ್ತಿದ್ದಳು.

"ಈ ಹೆಣ್ಮಗಳ ಸತ್ತ ಗಂಡಗ ಏನ ಉಣ್ಣೂದು ಸೇರತಿತ್ತು?"

"ಕಾಕು, ಅದೊಂದು ಪಾತ್ರ! ನನಗೇನ ಗೊತ್ತು?"

"ಗೊತ್ತಿಲ್ಲಂದ್ರ ನಾ ಹೆಂಗ ಅಳ್ಲಿ?"

ವಿಕಾಸ ತಲೆ ಚಚ್ಚಿಕೊಂಡು, ಶೇಂಗಾ ಹೋಳಿಗೆ ಅನ್ನುತ್ತಿದ್ದ. ಅವನ ಸತ್ತ ಪಾತ್ರಗಳೆಲ್ಲ ಶೇಂಗಾ ಹೋಳಿಗೆ ತಿಂದೇ ಸತ್ತವು. ಸ್ಟುಡಿಯೋದ ದಿನಗಳಲ್ಲೂ ಶಿವಪುತ್ರಪ್ಪ ಬಾಗಿಲಿಗೆ ಬಕೆಟ್ ಇಡುತ್ತಿದ್ದ. "ಇವತ್ತ ಯಾರದ?" ಎಂದು ನಗುತ್ತ ಕೇಳುತ್ತಿದ್ದ.

ಒಂದು ದಿನ ವಿಕಾಸ ಅವಳನ್ನು ಹಿಂಜವಾಡಿಗೆ ಕರೆದುಕೊಂಡು ಹೋದ. ದೊಡ್ಡ ಗಾಜಿನ ಕಟ್ಟಡ. ಅಲ್ಲಿ ಸಿಂಧೂರ ಎಂಬ ಹುಡುಗಿ, ಮೈಸೂರಿನ ಕಡೆಯವಳು, ಕುರ್ಚಿ ಎಳೆದು ಕೂರಿಸಿ, ಬಿಸಿನೀರು ಕೊಟ್ಟು, ಬಹಳ ಮರ್ಯಾದೆಯಿಂದ ಮಾತಾಡಿದಳು. ಕತ್ತು ಕೊಯ್ಯುವವರು ಈಗೆಲ್ಲ ಹೀಗೆ ಮರ್ಯಾದಸ್ಥರೇ.

"ಮೂರು ದಿನ ರೆಕಾರ್ಡಿಂಗ್ ಇರತ್ತೆ ಮೇಡಂ. ಸಣ್ಣ ಅಳು, ದೊಡ್ಡ ಅಳು, ಬಿಕ್ಕೋದು, ಎಲ್ಲ ಬೇಕು. ಹೆಸರು ಯಾವ್ದಾದ್ರೂ ಹೇಳ್ಕೊಳಿ, ಆಮೇಲೆ ನಾವು ತೆಗೆದ್‌ಬಿಡ್ತೀವಿ."

ಇಂಗ್ಲಿಷಿನ ಕಾಗದ ಮುಂದಿಟ್ಟರು. ಏನಿದು ಎಂದು ಅವಳು ವಿಕಾಸನ ಮುಖ ನೋಡಿದಳು. "ಏನಿಲ್ಲ ಕಾಕು, ಮಷೀನಿಗೆ ಅಳೂದು ಕಲಸ್ತಾರಂತ. ಸಹಿ ಮಾಡ್ರಿ" ಎಂದ ಅವನು. ಬಸವಣ್ಣೆವ್ವನಿಗೆ ನಗು ತಡೆಯಲಾಗಲಿಲ್ಲ.

"ಮಷೀನಿಗಿ ಯಾರ ಸತ್ತಾರ?" ಎಂದಳು. ನಕ್ಕುಕೊಂಡೇ ಸಹಿ ಮಾಡಿದಳು.

ಮೊದಲ ದಿನ ತಾಯಿಯನ್ನು ಅತ್ತಳು, ತಂದೆಯನ್ನು ಅತ್ತಳು. ಅವರು ಸತ್ತಾಗ ಅವಳಿಗೆ ಊರು ಮುಟ್ಟಲಾಗಿರಲಿಲ್ಲ, ಹಾಗಾಗಿ ಆ ಅಳು ಉಳಿದಿತ್ತು. ಎರಡನೆಯ ದಿನ ಒಂಬತ್ತು ದಿನದ ಕೂಸನ್ನು ಅತ್ತಳು. ಕೂಸುಗಳಿಗೆ ಹಾಡ್ಯಾಡಿ ಅಳುವುದಿಲ್ಲವೆಂದು ಅತ್ತೆ ಆಗ ಬಾಯಿ ಮುಚ್ಚಿಸಿದ್ದಳು. ಅದು ಮೂವತ್ತೈದು ವರ್ಷ ಎದೆಯಲ್ಲಿ ಕೂತಿತ್ತು, ಗಾಜಿನಾಚೆ ಕೂತ ಮೂವರು ಹುಡುಗರ ಮುಂದೆ ಹೊರಗೆ ಬಂತು. ಅವರು ಹೆಬ್ಬೆರಳೆತ್ತಿ ತೋರಿಸಿದರು.

ಮೂರನೆಯ ದಿನಕ್ಕೆ ಅವಳ ಹತ್ತಿರ ಸತ್ತವರು ಮುಗಿದಿದ್ದರು. ಬೇರೆಯವರ ಮನೆಯ ಸತ್ತವರನ್ನೆಲ್ಲ ಆಗಲೇ ಒಂದು ಸಲ ಅತ್ತಾಗಿತ್ತು, ಮುಟ್ಟುವಂತಿಲ್ಲ. ಇಲ್ಲದ ಹೆಸರು ಹಿಡಿದು ಅಳಲು ನೋಡಿದಳು, ಶೇಂಗಾ ಹೋಳಿಗೆ ಅನ್ನಲೂ ಅಲ್ಲಿ ಯಾರಿರಲಿಲ್ಲ. ಸಿಂಧೂರ ಒಳಗೆ ಬಂದು, "ಇವತ್ತು ಸ್ವಲ್ಪ ಫೀಲ್ ಬರ್ತಿಲ್ಲ ಮೇಡಂ, ಸುಮ್ನೆ ಆ್ಯಕ್ಟಿಂಗ್ ಥರ ಇದೆ" ಎಂದಳು.

ಆ ಮಾತು ಚುಚ್ಚಿತು. ಅಲ್ಲಿಂದ ಎದ್ದು ಬಂದಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಕೆಲಸದ ಹೆಮ್ಮೆ ಇರುವವರಿಗೆ ಬುದ್ಧಿ ಹೇಳುವವರು ಯಾರು? ಬಸವಣ್ಣೆವ್ವ ಕಣ್ಣು ಮುಚ್ಚಿದಳು. ಮನಸ್ಸಿನಲ್ಲೇ ಗಂಡನನ್ನು ಗೋಡೆಗೆ ಆನಿಸಿ ಕೂರಿಸಿದಳು, ಹಣೆಗೆ ವಿಭೂತಿ ಬಳಿದಳು, ಕೊರಳಿಗೆ ಹಾರ ಹಾಕಿದಳು. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಬಾಯಿಂದ ಹೇಳದ ಗಂಡನ ಹೆಸರನ್ನು ಆ ಮೈಕಿನ ಮುಂದೆ ಹೇಳಿದಳು.

"ನನ್ನ ಶಿವಪುತ್ರಪ್ಪಾ... ಹಂಚಿನ ಮ್ಯಾಲಿನ ರೊಟ್ಟಿಗಿ ಕೈ ಚಾಚತಿದ್ದೆಲ್ಲೋ, ಇನ್ನ ಯಾರಿಗಿ ಬಡೀಲೋ ರೊಟ್ಟಿ... ಒಬ್ಬರಿಗೂ ಕಮ್ಮಿ ತೂಗಿದಾಂವ ಅಲ್ಲಲ್ಲೋ, ದೇವರು ನಿನಗ ಕಮ್ಮಿ ತೂಗಿದನಲ್ಲೋ... ಬಾಗಲಿಗಿ ಬಕೆಟ್ಟ ಇಡಾಂವ ನೀನು, ನಿನ್ನ ಅತ್ತ ಬಂದ ಕಾಲಿಗಿ ನೀರ ಯಾರ ಇಡತಾರೋ..."

ಹನ್ನೊಂದು ನಿಮಿಷ ಅತ್ತಳು. ಗಾಜಿನಾಚೆ ಸಿಂಧೂರ ಕೂಡ ಕಣ್ಣೊರೆಸಿಕೊಂಡಳು. ಒರೆಸಿಕೊಂಡು, "ಸೂಪರ್, ಇದೇ ಬೇಕಿತ್ತು" ಎಂದಳು.

ಮನೆಯ ಬಾಗಿಲಲ್ಲಿ ಬಕೆಟ್ ಇತ್ತು. ಅಷ್ಟೂ ಸುರಿದುಕೊಂಡಳು. "ಇನ್ನೊಂದ ತರ್ರಿ" ಎಂದಳು.

"ಇವತ್ತ ಯಾರದ?" ಶಿವಪುತ್ರಪ್ಪ ಕೇಳಿದ.

"ಯಾರೋ ಒಬ್ಬಾಂವ."

ಆಮೇಲೆ ವಿಕಾಸನ ಫೋನು ನಿಂತಿತು. ನಾಲ್ಕು ತಿಂಗಳು ಕಾದು ತಾನೇ ಕ್ಯಾಂಪಿಗೆ ಹೋದಳು. ಅವನು ಕಂಪ್ಯೂಟರಿನಲ್ಲಿ ಏನೋ ಟೈಪು ಮಾಡುತ್ತಿದ್ದ. ಗುಂಡಿ ಒತ್ತಿದರೆ ಅವಳ ದನಿಯಲ್ಲಿ ಯಾವುದೋ ಧಾರಾವಾಹಿಯ ಅತ್ತೆ ಅಳುತ್ತಿದ್ದಳು.

"ಈಗೂ ನೀವ ಅಳತೀರಿ ಕಾಕು. ಇಷ್ಟ ದೂರ ಬರೂದೊಂದು ಬ್ಯಾಡ ಅಷ್ಟ" ಎಂದ, ಅವಳ ಕಡೆ ತಿರುಗದೆ. ಹನ್ನೊಂದು ವರ್ಷದ ಋಣಕ್ಕೆ ಚಹಾ ತರಿಸಿದ. ಮುಂದಿನ ವರ್ಷ ಅವನ ಸ್ಟುಡಿಯೋವನ್ನೂ ಅದೇ ಮಷೀನು ನುಂಗಿತು. ನನಗೇನೂ ಕನಿಕರ ಬರಲಿಲ್ಲ.

ಕೆಲಸ ಹೋದದ್ದು ದೊಡ್ಡದಲ್ಲ ಎಂದು ಅವಳಿಗೆ ಬೇಗನೆ ಗೊತ್ತಾಯಿತು. ಹಿಂಜವಾಡಿಯವರು ತಮ್ಮ ಮಷೀನಿನ ಜಾಹೀರಾತಿಗೆ ಮೂರನೆಯ ದಿನದ ಅಳುವನ್ನೇ ಆರಿಸಿ ಮಷೀನಿನ ಬಾಯಿಗೆ ಹಾಕಿ, ಹೆಸರು ತೆಗೆಯದೆ, ಮೊಬೈಲಿಗೆ ಬಿಟ್ಟಿದ್ದರು. ಹುಡುಗರಿಗೆ ಹಬ್ಬವಾಯಿತು. ಗ್ಯಾಸ್ ಸಿಲಿಂಡರ್ ಖಾಲಿಯಾದರೆ 'ನನ್ನ ಶಿವಪುತ್ರಪ್ಪಾ'. ವಿಕೆಟ್ ಬಿದ್ದರೆ 'ನನ್ನ ಶಿವಪುತ್ರಪ್ಪಾ'. ಬೈಕಿನ ಪೆಟ್ರೋಲು ಮುಗಿದರೆ, ಬಿರಿಯಾನಿ ಪೊಟ್ಟಣ ಕೈಜಾರಿ ಬಿದ್ದರೆ, ಅದೇ. ವಿಜಯಪುರದಿಂದ ಬೆಂಗಳೂರಿನವರೆಗೆ ಜನ ಅದಕ್ಕೆ 'ಶಿವಪುತ್ರಪ್ಪನ ಅಳು' ಎಂದು ಹೆಸರಿಟ್ಟು ಹೊಟ್ಟೆ ಹಿಡಿದು ನಕ್ಕರು.

ಮಾರ್ಕೆಟ್ ಯಾರ್ಡಿನ ಹಮಾಲರಲ್ಲಿ ಅರ್ಧ ಜನ ನಮ್ಮವರೇ. ಶಿವಪುತ್ರಪ್ಪ ಬಂದಾಗಲೆಲ್ಲ ಮೊಬೈಲಿನಲ್ಲಿ ಅದನ್ನೇ ಹಚ್ಚುತ್ತಿದ್ದರು. ಹೆಸರು ಒಂದೇ ಆಯಿತಲ್ಲ ಎಂದು ಅವನೂ ನಕ್ಕ. ಪೂರ್ತಿ ಕೇಳಿದ ದಿನ ನಗಲಿಲ್ಲ. ಮಧ್ಯಾಹ್ನವೇ ಮನೆಗೆ ಬಂದು ಕೂತ.

"ಇದು ನಿನ್ನ ದನಿ ಅಲ್ಲೇನು?"

ಅವಳು ಕಾಲ ಮೇಲೆ ಬಿದ್ದಳು. "ತಪ್ಪಾತ್ರಿ" ಎಂದಳು.

"ನಿನ್ನ ಬಾಯಾಗ ನನ್ನ ಹೆಸರ ಕೇಳಬೇಕಂದ್ರ ನಾ ಸಾಯಬೇಕಾತೇನು?" ಎಂದು ಅವನು ನಕ್ಕಂತೆ ಮಾಡಿದ. ಸಿಟ್ಟು ಮಾಡಲಿಲ್ಲ. ಆದರೆ ಅಂದಿನಿಂದ ಹಂಚಿನ ಮೇಲಿನ ರೊಟ್ಟಿಗೆ ಕೈ ಚಾಚಲಿಲ್ಲ. ತಾಟಿನಲ್ಲಿ ಹಾಕಿದ ಮೇಲೆಯೇ ಉಂಡ.

ಅವಳು ಅಮರನ ಗಾಡಿ ಹತ್ತಿ ಹಿಂಜವಾಡಿಗೆ ಹೋದಳು. ಅಮರ ಮೈದುನನ ಮಗ, ಅಲ್ಲಿಯೇ ಕಂಪನಿ ಕ್ಯಾಬ್ ಓಡಿಸುವವನು, ದೊಡ್ಡಪ್ಪನೆಂದರೆ ಅವನಿಗೆ ಪ್ರಾಣ. ಸಿಂಧೂರ ಈ ಸಲವೂ ಬಿಸಿನೀರು ಕೊಟ್ಟಳು.

"ಅದನ್ನ ತಗದಬಿಡ್ರಿ ಯವ್ವಾ. ನನ್ನ ದನಿ ನನಗ ಕೊಡ್ರಿ."

"ಅದು ನಿಮ್ಮ ದನಿ ಅಲ್ಲ ಮೇಡಂ, ನಮ್ಮ ಮಾಡೆಲ್‌ದು. ನೀವೇ ಸೈನ್ ಮಾಡಿದ್ದೀರಲ್ಲ."

"ಹೆಸರಾದ್ರೂ ತಗೀರಿ. ತಗೀತೀವಿ ಅಂದಿದ್ರಿ."

"ಆ ಹೆಸರಿಂದ್ಲೇ ಅಲ್ವಾ ಅದು ಇಷ್ಟು ಓಡ್ತಿರೋದು?" ಎಂದಳು ಸಿಂಧೂರ. ಆಮೇಲೆ ಏನೋ ನೆನಪಾದಂತೆ, "ಅಂದ್ಹಾಗೆ, ನಮಗೆ ಈಗ ವಯಸ್ಸಾದವರ ನಗು ಬೇಕಿತ್ತು. ನಗ್ತೀರಾ ಮೇಡಂ?" ಎಂದು ಕೇಳಿದಳು. ಅಮರ ದೊಡ್ಡವ್ವನ ಕೈ ಹಿಡಿದು ಹೊರಗೆ ಕರೆತಂದ.

ಶ್ರಾವಣದ ಮೂರನೆಯ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ತಕ್ಕಡಿಯ ಪಕ್ಕದಲ್ಲೇ ಶಿವಪುತ್ರಪ್ಪ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನನ್ನು ಮನೆಯ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿದರು. ಅವಳು ಮೈಕಿನ ಮುಂದೆ ಕೂರಿಸಿದ ಹಾಗೆಯೇ. ಓಣಿಯ ಹೆಂಗಸರೆಲ್ಲ ಬಂದು ತುಂಬಿದರು. ಊರಿಗೆಲ್ಲ ಅತ್ತವಳು ಗಂಡನಿಗೆ ಹೇಗೆ ಅಳುತ್ತಾಳೋ ಎಂದು ಎಲ್ಲರೂ ಕಾದರು.

ಬಸವಣ್ಣೆವ್ವ ಸೆರಗು ಎಳೆದುಕೊಂಡಳು. "ನನ್ನ ಶಿವಪುತ್ರಪ್ಪಾ..." ಎಂದಳು.

ಹಿಂದೆ ಕೂತ ಹುಡುಗಿಯೊಬ್ಬಳಿಗೆ ಫಕ್ಕನೆ ನಗು ಬಂತು. ಕೆಟ್ಟ ಹುಡುಗಿಯಲ್ಲ, ಪಾಪ, ಬಾಯಿಗೆ ಓಢಣಿ ತುರುಕಿಕೊಂಡು ಹೊರಗೆ ಓಡಿದಳು. ಅವಳ ಹಿಂದೆ ಇನ್ನಿಬ್ಬರ ಹೆಗಲು ಕುಲುಕಿತು. ಕೂತ ಗಂಡಸರು ನೆಲ ನೋಡಿದರು.

ಬಸವಣ್ಣೆವ್ವ ನಿಲ್ಲಿಸಿದಳು. ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ನಿಂತು ತನ್ನನ್ನು ತಾನೇ ಮೂರು ಮಾತು ಕೇಳಿಕೊಂಡಳು. ರೊಟ್ಟಿ, ತಕ್ಕಡಿ, ಬಕೆಟ್. ಇನ್ನೊಂದು ಸಲ ಕೇಳಿಕೊಂಡಳು. ಬೇರೆ ಏನೂ ಬರಲಿಲ್ಲ. ಆ ಮನುಷ್ಯನನ್ನು ಅವಳು ಒಮ್ಮೆ ಪೂರ್ತಿ ಅತ್ತುಬಿಟ್ಟಿದ್ದಳು, ಒಂದು ತುತ್ತೂ ಉಳಿಸಿಕೊಂಡಿರಲಿಲ್ಲ. ಬಂದು ಹೆಣದ ಪಕ್ಕ ಸುಮ್ಮನೆ ಕೂತಳು. ಕಣ್ಣು ಒಣಗಿತ್ತು.

"ಸೀರಿಯಲ್ಲಿಗಾದ್ರ ಹನ್ನೊಂದ ವರ್ಷ ಅತ್ಲು. ಗಂಡಗ ಎರಡ ಹನಿ ಇಲ್ಲ" ಎಂದಳು ಒಬ್ಬಳು, ಕೇಳಿಸುವಂತೆಯೇ.

ಹೊತ್ತು ಇಳಿಯತೊಡಗಿತು. ಅಳು ಬೀಳದ ಹೆಣವನ್ನು ಎತ್ತಬಾರದೆಂದು ಹಿರಿಯರು ಹಟ ಹಿಡಿದರು. ಬೇರೆ ಯಾರಿಗೆ ಬರುತ್ತದೆ ಹಾಗೆ ಅಳಲು? ಆಗ ಅಮರ ಎದ್ದ. ದೊಡ್ಡಪ್ಪ ಹಾಗೇ ಹೋಗಬಾರದು ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಭಜನೆಗೆಂದು ಇಟ್ಟಿದ್ದ ಸಣ್ಣ ಸ್ಪೀಕರನ್ನು ಹೆಣದ ಕಾಲ ಬಳಿ ಇಟ್ಟು, ಮೊಬೈಲಿನಲ್ಲಿ ಹುಡುಕಿ, ಹನ್ನೊಂದು ನಿಮಿಷದ್ದನ್ನು ಹಚ್ಚಿದ.

ಮೊದಲು ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ರೊಟ್ಟಿಯ ಮಾತು ಬಂದಾಗ ಹಮಾಲನೊಬ್ಬ ಬಿಕ್ಕಿದ. ತಕ್ಕಡಿಯ ಮಾತಿಗೆ ಮಾರ್ಕೆಟ್ ಯಾರ್ಡಿನವರೆಲ್ಲ ಅತ್ತರು. ಹೊರಗೆ ಓಡಿದ್ದ ಹುಡುಗಿ ಒಳಗೆ ಬಂದು ಗೋಡೆಗೆ ಮುಖ ಹಾಕಿ ಗೊಳೋ ಎಂದಳು. ಮಷೀನಿಗೆ ದಮ್ಮು ಕಟ್ಟಲಿಲ್ಲ, ಗಂಟಲು ಒಡೆಯಲಿಲ್ಲ. ಅಂದು ಗಂಡನ ಹೆಸರು ಹೇಳುವಾಗ ತಾನು ತಡವರಿಸಿದ್ದು ಬಸವಣ್ಣೆವ್ವನಿಗೆ ನೆನಪಿತ್ತು. ಅದನ್ನೂ ಹಿಂಜವಾಡಿಯವರು ನುಣ್ಣಗೆ ಮಾಡಿದ್ದರು. ಕೇಳುತ್ತ ಕೂತಳು. ತನಗಿಂತ ಚೆನ್ನಾಗಿ ಅಳುತ್ತದೆ ಅನ್ನಿಸಿತು.

"ಈಗ ಎತ್ರಿ" ಎಂದರು ಅಯ್ಯನವರು.

ಮಣ್ಣು ಮಾಡಿ ಎಲ್ಲರೂ ತಿರುಗಿ ಬಂದರು. ಬಂದವರು ನಳದ ಕೆಳಗೆ ಕಾಲು ಮುಖ ತೊಳೆದುಕೊಂಡರು. ಬಸವಣ್ಣೆವ್ವ ಬಾಗಿಲ ಮುಂದೆ ನಿಂತು, ಬಕೆಟ್ ಇರುತ್ತಿದ್ದ ಜಾಗ ನೋಡಿದಳು. ಅಮರ ಓಡಿಹೋಗಿ ನೀರು ತುಂಬಿಸಿ ತಂದಿಟ್ಟ.

"ದೊಡ್ಡವ್ವ, ಕಾಲ ತೊಳಕೊಳ್ರಿ."

"ಅತ್ತಾಕಿ ತೊಳಕೊಳ್ಳಲಿ" ಎಂದಳು ಬಸವಣ್ಣೆವ್ವ. "ನಾ ಎಲ್ಲಿ ಅತ್ತೀನಿ?"

ಮಣ್ಣು ಮೆತ್ತಿದ ಕಾಲಲ್ಲೇ ಹೊಸ್ತಿಲು ದಾಟಿ ಒಳಗೆ ಹೋದಳು.