ದಡ್ಡರ ಸ್ಟೂಲು

ಮಳೆಗೆ ಮುಂಚೆ ಗಾಳಿ ತೇವವಾದಾಗ ನಮ್ಮ ಅಡುಗೆಮನೆಯ ಮೂಲೆಯಿಂದ ಒಂದು ವಾಸನೆ ಬರುತ್ತಿತ್ತು. ಮೊದಲ ಸಲ ಬಂದಾಗ ನಮ್ಮ ಯಜಮಾನರು ಗಾಬರಿಯಿಂದ ಎದ್ದು ಹೋಗಿ ಗ್ಯಾಸ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ದೀಪ ಹಾಕಬೇಡ ಎಂದು ನನಗೆ ಕೂಗಿ ಹೇಳಿದ್ದರು. ನಾನು ನಗುವುದೋ ಅಳುವುದೋ ತಿಳಿಯದೆ ನಿಂತಿದ್ದೆ. ಅದು ಗ್ಯಾಸಿನ ವಾಸನೆಯಲ್ಲ, ತಗಡು ಒತ್ತುವ ಪ್ರೆಸ್ ಯಂತ್ರದ ಎಣ್ಣೆಯದು. ಮೂಲೆಯಲ್ಲಿದ್ದ ಕಬ್ಬಿಣದ ಸ್ಟೂಲಿನಿಂದ ಬರುತ್ತಿದ್ದದ್ದು. ಸೋಪು, ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ತಿಕ್ಕಿದೆ. ಹೋಗಲಿಲ್ಲ. ಹೋಗದಿದ್ದರೇ ಒಳ್ಳೆಯದು ಎಂದು ಕೊನೆಗೆ ತಿಕ್ಕುವುದನ್ನು ಬಿಟ್ಟೆ.

ಈ ಸ್ಟೂಲು ಗಂಗಾಧರಯ್ಯನವರದು. ಅವರು ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ಊಟ ಮುಗಿಸಿ ಹೊರಟವಳನ್ನು ಅವರ ಹೆಂಡತಿ ಶಾರದಮ್ಮ ಬಾಗಿಲಲ್ಲಿ ತಡೆದು, "ಇದನ್ನ ನೀನೇ ತಗೊಂಡ್ಹೋಗಮ್ಮ. ನಂಗೆ ಓಡಾಡೋವಾಗೆಲ್ಲ ಕಾಲಿಗೆ ತಗುಲ್ತದೆ" ಎಂದರು. ಕಾಲಿಗಲ್ಲ, ಬೇರೆ ಎಲ್ಲಿಗೋ ತಗಲುತ್ತಿದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ತಂದುಬಿಟ್ಟೆ. ತಂದ ಮೇಲೆ ಒಂದು ದಿನವೂ ಅದರ ಮೇಲೆ ಕೂರಲಾಗಲಿಲ್ಲ. ಅಟ್ಟದ ಮೇಲಿನ ಡಬ್ಬ ತೆಗೆಯಲು ಬೇಕಾದರೆ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರುತ್ತಿದ್ದೆ.

ಗಂಗಾಧರಯ್ಯನವರು ನನಗೆ ಬಂಧುವಲ್ಲ. ಪೀಣ್ಯದಲ್ಲಿ ನಾನು ಕೆಲಸಕ್ಕಿರುವ ತಗಡಿನ ಕಾರ್ಖಾನೆಯಲ್ಲಿ ಅವರು ಟೂಲ್ ರೂಮಿನ ಮುಖ್ಯಸ್ಥರಾಗಿದ್ದರು. ತಗಡನ್ನು ಕತ್ತರಿಸುವ, ಮಡಚುವ ಅಚ್ಚುಗಳೆಲ್ಲ ಹುಟ್ಟುವುದೂ ರಿಪೇರಿಯಾಗುವುದೂ ಆ ಕೋಣೆಯಲ್ಲೇ. ತುಮಕೂರಿನ ಕಡೆಯವರು. ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಕಲಿತು, ನಮ್ಮ ಕಾರ್ಖಾನೆ ಒಂದೇ ಶೆಡ್ಡಾಗಿದ್ದ ಕಾಲಕ್ಕೆ ಬಂದು ಸೇರಿದವರು. ನಾನು ಪಿಯುಸಿಯಲ್ಲಿ ಲೆಕ್ಕದಲ್ಲಿ ಡುಮ್ಕಿ ಹೊಡೆದು, ಮದುವೆಯಾಗಿ ದಾಸರಹಳ್ಳಿಗೆ ಬಂದು, ಡಿಸ್ಪ್ಯಾಚಿನಲ್ಲಿ ಪೆಟ್ಟಿಗೆಗಳ ಮೇಲೆ ವಿಳಾಸ ಅಂಟಿಸುವ ಕೆಲಸಕ್ಕೆ ಸೇರಿದವಳು. ನಮ್ಮಿಬ್ಬರ ನಡುವೆ ಇದ್ದ ದೂರ ಎಷ್ಟೆಂದು ನೀವೇ ಅಂದಾಜು ಮಾಡಿಕೊಳ್ಳಿ.

ಅವರ ಕಿವಿಯ ಬಗ್ಗೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪ್ರೆಸ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ, "ಇದಕ್ಕೆ ನೆಗಡಿ ಆಗ್ಯದೆ ಕಣ್ರಪ್ಪ, ಸಾಯಂಕಾಲಕ್ಕೆ ಜ್ವರ ಬತ್ತದೆ" ಎನ್ನುತ್ತಿದ್ದರು. ಸಾಯಂಕಾಲದ ಹೊತ್ತಿಗೆ ಆ ಪ್ರೆಸ್ಸು ನಿಂತೇಹೋಗುತ್ತಿತ್ತು. ಒಮ್ಮೆ ಮದುವೆಮನೆಯಲ್ಲಿ ಊಟಕ್ಕೆ ಕೂತವರು ಎದ್ದು ಹಿತ್ತಿಲಿಗೆ ಹೋಗಿ ಜನರೇಟರಿನ ನಟ್ಟು ಬಿಗಿ ಮಾಡಿಸಿ ಬಂದರಂತೆ. ಪಾಯಸ ಇಳಿಯಲಿಲ್ಲವಂತೆ, ಆ ಸದ್ದಿಗೆ.

ಇಂಥವರ ಬಾಯಲ್ಲಿ "ಆಗಲ್ಲ" ಎಂಬ ಮಾತು ಬಂದರೆ ಅದೇ ತೀರ್ಪು. ಮಾಲೀಕರೂ ಮರುಮಾತಾಡುತ್ತಿರಲಿಲ್ಲ. ಹೊರಗಿನಿಂದ ಸಲಹೆ ಕೊಡಲು ಬಂದ ಇಂಜಿನಿಯರೊಬ್ಬರು ಏನೋ ಹೊಸತು ಹೇಳಿದಾಗ ಇವರು ಕೈಯಲ್ಲಿದ್ದ ಅಚ್ಚಿನಿಂದ ತಲೆಯೆತ್ತದೆ "ಆಗಲ್ಲ ಸಾರ್" ಎಂದರು. ಆ ಇಂಜಿನಿಯರು ಮಧ್ಯಾಹ್ನದ ಊಟಕ್ಕೂ ನಿಲ್ಲಲಿಲ್ಲ. ಸುಮ್ಮನೆ ಹೇಳುತ್ತಿದ್ದ ಮಾತಲ್ಲ ಅದು. ನೂರು ಅಚ್ಚು ಒಡೆದು, ಮತ್ತೆ ಕಟ್ಟಿ ಸಂಪಾದಿಸಿದ ಮಾತು. ತಪ್ಪುವುದು ತೀರ ಅಪರೂಪ. ತೊಂದರೆ ಇದ್ದದ್ದೂ ಅಲ್ಲೇ ಎಂದು ಈಗ ಅನ್ನಿಸುತ್ತದೆ. ಆಗಾಗ ತಪ್ಪುವವರನ್ನು ಜನ ಪ್ರಶ್ನೆ ಕೇಳುತ್ತಾರೆ. ಇವರನ್ನು ಯಾರೂ ಕೇಳುತ್ತಿರಲಿಲ್ಲ.

ನಾನು ಸೇರಿದ ವರ್ಷವೇ ಸಂಕಟ ಬಂತು. ಬೈಕಿನ ಹಾರ್ನನ್ನು ಹಿಡಿದಿಡುವ ಅಂಗೈಯಗಲದ ಒಂದು ಪಟ್ಟಿಯನ್ನು ನಾವು ಮಾಡುತ್ತಿದ್ದೆವು. ಕಾರ್ಖಾನೆಯ ಅರ್ಧ ಅನ್ನ ಅದರಿಂದಲೇ. ಬೈಕಿನ ಕಂಪನಿಯವರು, ಇನ್ನು ಮುಂದೆ ಎರಡರಷ್ಟು ಬೇಕು, ಆಗದಿದ್ದರೆ ಹೊಸೂರಿನ ಕಡೆಯವರಿಗೆ ಕೊಡುತ್ತೇವೆ ಎಂದರು. ಮಾಲೀಕರು ಟೂಲ್ ರೂಮಿಗೆ ಬಂದು ಕೇಳಿದರು. ಗಂಗಾಧರಯ್ಯನವರು ಬಹಳ ಹೊತ್ತು ಯೋಚನೆ ಮಾಡಿ, ನೋವಿನಿಂದಲೇ ಹೇಳಿದರು: "ಆಗಲ್ಲ."

ಯಾಕೆಂದರೆ ಆ ಪಟ್ಟಿಯನ್ನು ಮೊದಲ ಪ್ರೆಸ್ಸು ಕತ್ತರಿಸುತ್ತಿತ್ತು, ಎರಡನೆಯದು ಮಡಚುತ್ತಿತ್ತು. ನಡುವೆ ಜಯಮ್ಮ ಮತ್ತು ಇನ್ನೊಬ್ಬ ಹೆಂಗಸು ಕೂತು ಒಂದೊಂದನ್ನೂ ಕೈಯಿಂದ ಮಗುಚಿ ಸಾಲಾಗಿ ಇಡುತ್ತಿದ್ದರು. ಪ್ರೆಸ್ಸಿನ ವೇಗ ಹೆಚ್ಚಿಸಬಹುದು. ಜಯಮ್ಮನ ಮಣಿಕಟ್ಟಿನ ವೇಗ ಹೆಚ್ಚಿಸುವುದು ಹೇಗೆ? ಇನ್ನಷ್ಟು ಜನರನ್ನು ಕೂರಿಸಲು ಆ ಎರಡು ಪ್ರೆಸ್ಸುಗಳ ನಡುವೆ ಜಾಗವಿರಲಿಲ್ಲ. ಕೆಲಸ ಹೊಸೂರಿಗೆ ಹೋದರೆ ಯಾರ್ಯಾರು ಮನೆಗೆ ಹೋಗಬೇಕು ಎಂಬ ಮಾತು ಊಟದ ಡಬ್ಬಿಗಳ ನಡುವೆ ಹರಿದಾಡತೊಡಗಿತು. ಮಗುಚುವವರು ಹೋಗುತ್ತಾರೆ. ಡಿಸ್ಪ್ಯಾಚಿನಲ್ಲಿ ಕೊನೆಗೆ ಸೇರಿದವಳು ಹೋಗುತ್ತಾಳೆ. ಕೊನೆಗೆ ಸೇರಿದವಳು ನಾನೇ. ನಮ್ಮ ಯಜಮಾನರಿಗೆ ಆಗ ಕೆಲಸವಿರಲಿಲ್ಲ.

ಒಂದು ಮಧ್ಯಾಹ್ನ ಖಾಲಿ ಪೆಟ್ಟಿಗೆ ಕೇಳಲು ಪ್ರೆಸ್ಸುಗಳ ಕಡೆ ಹೋಗಿದ್ದೆ. ಗಂಗಾಧರಯ್ಯನವರು ತಮ್ಮ ಸ್ಟೂಲಿನ ಮೇಲೆ ಕೂತು ಜಯಮ್ಮನ ಕೈಯನ್ನೇ ನೋಡುತ್ತಿದ್ದರು. ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಜಯಕ್ಕಾ, ಯಾಕೆ ಹಿಂಗೆ ಮಗುಚಿ ಹಾಕ್ತೀರ? ರೊಟ್ಟಿ ಥರ ಎರಡೂ ಕಡೆ ಬೇಯ್ಬೇಕಾ?"

ಜಯಮ್ಮ ಬಿದ್ದು ಬಿದ್ದು ನಕ್ಕಳು. ಪ್ರೆಸ್ ಓಡಿಸುತ್ತಿದ್ದವರೂ ನಿಲ್ಲಿಸಿ ನಕ್ಕರು. ಅಂದಿನಿಂದ ಇಂದಿನವರೆಗೂ ಕಾರ್ಖಾನೆಯಲ್ಲಿ ನನ್ನ ಹೆಸರು ರೊಟ್ಟಿ. ಈಗ ಸ್ವಲ್ಪ ಮರ್ಯಾದೆ ಸೇರಿಸಿ ರೊಟ್ಟಿ ಮೇಡಂ.

ಗಂಗಾಧರಯ್ಯನವರು ನಗಲಿಲ್ಲ. ತಿಳಿಯದವಳಿಗೆ ತಿಳಿಸಿಕೊಡುವ ತಾಳ್ಮೆಯಲ್ಲಿ ಒಂದು ಪಟ್ಟಿ ಎತ್ತಿ ಅಂಚನ್ನು ತೋರಿಸಿದರು. "ಮುಟ್ನೋಡು. ಈ ಕಡೆ ಚೂಪಾಗ್ಯದೆ ಅಲ್ವಾ? ಕತ್ತರಿಸಿದಾಗ ಒಂದೇ ಕಡೆಗೆ ಬತ್ತದೆ ಇದು. ಮಡಚೋವಾಗ ಈ ಚೂಪು ಒಳಗಡೇನೇ ಇರ್ಬೇಕು. ಹೊರಗಿದ್ರೆ ತಗಡು ಸೀಳ್ತದೆ. ಅದಕ್ಕೇ ಮಗುಚೋದು."

"ಚೂಪು ತೆಗೆಯೋಕೆ ಅಂತ ನಮ್ಮ ಪಕ್ಕದಲ್ಲಿ ಆ ದೊಡ್ಡ ಡ್ರಮ್ಮು ತಿರುಗುತ್ತಲ್ಲ ಸಾರ್?"

"ಅದು ಕೊನೇಲಿ ಕಣಮ್ಮ. ಮಡಚಿದ ಮೇಲೆ."

"ಕೊನೇಲಿ ಯಾಕೆ?"

"ಮೊದ್ಲಿಂದ್ಲೂ ಅಂಗೇನೇ."

ಹೇಳಿದವರು ಕೈಯಲ್ಲಿದ್ದ ಪಟ್ಟಿಯನ್ನು ತಟ್ಟನೆ ಕೆಳಗಿಟ್ಟರು. ನಾನು ಏನೋ ಅಧಿಕಪ್ರಸಂಗ ಮಾಡಿದೆ, ಇನ್ನು ನಾಳೆಯೇ ಮನೆಗೆ ಎಂದುಕೊಂಡೆ. ಅವರು ಎದ್ದು ಸೀದಾ ಡ್ರಮ್ಮಿನ ಹತ್ತಿರ ಹೋಗಿ ಅದರ ಬೆನ್ನ ಮೇಲೆ ಕೈಯಿಟ್ಟು ನಿಂತರು, ಮರೆತುಹೋಗಿದ್ದ ನೆಂಟರನ್ನು ಗುರುತು ಹಿಡಿದವರ ಹಾಗೆ.

ಕಲ್ಲಿನ ಚೂರುಗಳ ಜೊತೆ ಪಟ್ಟಿಗಳನ್ನು ಹಾಕಿ ತಿರುಗಿಸಿ ಅಂಚು ನುಣುಪು ಮಾಡುವ ಆ ಡ್ರಮ್ಮನ್ನು ತರಿಸಿದವರೂ ಅವರೇ. ಆದರೆ ಮಗುಚುವ ಪದ್ಧತಿ ಮಾಡಿ ಎಷ್ಟೋ ವರ್ಷಗಳ ಮೇಲೆ ಅದು ಬಂದದ್ದು. ಗೋಡೆಯ ಕೊನೆಯಲ್ಲಿ ಜಾಗವಿತ್ತು, ಅಲ್ಲಿ ಕೂರಿಸಿದರು. ಚೂಪೂ ಅವರಿಗೆ ಗೊತ್ತಿತ್ತು, ಡ್ರಮ್ಮೂ ಗೊತ್ತಿತ್ತು. ಒಂದೇ ತಲೆಯೊಳಗೆ ಬಾಡಿಗೆಗಿದ್ದೂ ಅವೆರಡೂ ಒಂದನ್ನೊಂದು ಮಾತಾಡಿಸಿರಲಿಲ್ಲ. ಕತ್ತರಿಸಿದ ಕೂಡಲೇ ಡ್ರಮ್ಮಿಗೆ ಹಾಕಿದರೆ ಚೂಪೇ ಇರುವುದಿಲ್ಲ. ಚೂಪಿಲ್ಲದ ಪಟ್ಟಿಗೆ ಯಾವುದು ಮೇಲು, ಯಾವುದು ಕೆಳಗು?

ಆ ವಾರವೇ ಮಾಡಿ ನೋಡಿದರು. ಒಂದು ಪಟ್ಟಿಯೂ ಸೀಳಲಿಲ್ಲ. ಪಟ್ಟಿಯ ಕೆಲಸ ನಮ್ಮಲ್ಲೇ ಉಳಿಯಿತು. ಜಯಮ್ಮ ನೋವಿನ ಮಣಿಕಟ್ಟನ್ನು ಎಣ್ಣೆ ಹಚ್ಚಿ ನೀವಿಕೊಂಡು ಪ್ಯಾಕಿಂಗಿಗೆ ಬಂದಳು. ನಾನೂ ಉಳಿದೆ. ಮಾಲೀಕರು ಟೂಲ್ ರೂಮಿಗೆ ಬಂದು ಕೈ ಕುಲುಕಿದಾಗ ಗಂಗಾಧರಯ್ಯನವರು, "ನಂದಲ್ಲ ಸಾರ್. ನಾನು ಆಗಲ್ಲ ಅಂದಿದ್ದೆ. ಆ ರೊಟ್ಟಿ ಕೇಳಿದ್ದು" ಎಂದರಂತೆ. ನಾನೇನು ಕಂಡುಹಿಡಿದವಳಲ್ಲ, ನೋಡಿ. ಅಚ್ಚು ಎಂದರೆ ಬೆಲ್ಲದ ಅಚ್ಚು ಮಾತ್ರ ಗೊತ್ತಿದ್ದ ಕಾಲ. ನನ್ನ ಪ್ರಶ್ನೆಗೆ ಬೆಲೆ ಬಂದದ್ದು ಅವರು ಅದನ್ನು ಕೇಳಿಸಿಕೊಂಡದ್ದರಿಂದ. ಪ್ರೆಸ್ಸಿಗೆ ಕಿವಿಗೊಡುತ್ತಿದ್ದ ಹಾಗೆಯೇ ಕೇಳಿಸಿಕೊಂಡರು.

ಮುಂದಿನ ಶನಿವಾರದ ಮೀಟಿಂಗಿಗೆ ತಮ್ಮ ಸ್ಟೂಲನ್ನು ಹೊತ್ತು ತಂದು ನಡುವೆ ಇಟ್ಟರು. ಬೇರೆ ಯಾರೂ ಕೂರದ ಸ್ಟೂಲು ಅದು.

"ಗೊತ್ತಿರೋರೆಲ್ಲ ನಿಂತ್ಕೊಳ್ರಪ್ಪ. ಗೊತ್ತಿಲ್ದೋರು ಒಬ್ರು ಕೂತ್ಕೊಳ್ಳಿ. ಕೂತೋರು ಕೇಳ್ಬೇಕು, ಇದ್ಯಾಕೆ ಇಂಗೆ ಅಂತ. ನಿಂತೋರು ಹೇಳ್ಬೇಕು. ಮೊದ್ಲಿಂದ್ಲೂ ಇಂಗೇನೇ ಅಂತ ಯಾರಾದ್ರೂ ಅಂದ್ರೆ, ಅವತ್ತು ಎಲ್ರಿಗೂ ಅವರದೇ ಟೀ."

"ಏನ್ ಗಂಗಣ್ಣ, ದಡ್ಡರಿಗೆ ಸ್ಟೂಲು, ಬುದ್ಧಿವಂತರಿಗೆ ಕಾಲುನೋವಾ?" ಎಂದಳು ಜಯಮ್ಮ. ಹೆಸರು ಅಲ್ಲೇ ಬಿತ್ತು. ದಡ್ಡರ ಸ್ಟೂಲು. ಶನಿವಾರ ಬೆಳಿಗ್ಗೆಯಾದರೆ, "ಇವತ್ತು ದಡ್ಡ ಯಾರು ಗುರು?" ಎಂಬ ಕೂಗು ಗೇಟಿನವರೆಗೂ ಕೇಳುತ್ತಿತ್ತು.

ಅಲ್ಲಿ ಕೂತವರೆಲ್ಲ ಮುತ್ತು ಉದುರಿಸಿದರು ಎಂದು ತಿಳಿಯಬೇಡಿ. ಹೆಚ್ಚಿನವು ಪೊಳ್ಳು ಪ್ರಶ್ನೆಗಳೇ. ಲೆಕ್ಕಪತ್ರದವರೊಬ್ಬರು ಪ್ರೆಸ್ಸಿಗೆ ಹಸಿರು ಬಣ್ಣ ಯಾಕೆ ಎಂದು ಅರ್ಧ ಗಂಟೆ ಕಳೆದರು. ಒಂದು ಸಲ ಯಾರದೋ ಮಾತು ಕೇಳಿ ಪ್ರಯತ್ನ ಮಾಡಲು ಹೋಗಿ ಒಳ್ಳೆಯ ಅಚ್ಚು ಎರಡು ಹೋಳಾಯಿತು. ಗಂಗಾಧರಯ್ಯನವರಿಗೆ ಅದು ಒಡೆಯುತ್ತದೆ ಎಂದು ಮೊದಲೇ ಅನ್ನಿಸಿತ್ತು. ಹೋಳುಗಳನ್ನು ಎತ್ತಿಕೊಂಡು ಹೋಗಿ ಮತ್ತೆ ಹೊಸದು ಮಾಡಲು ಕೂತರು. ಆ ಕೈ ಇಲ್ಲದಿದ್ದರೆ ನಮ್ಮ ದಡ್ಡತನಕ್ಕೆ ಕಾರ್ಖಾನೆ ಎಷ್ಟು ದಿನ ತಾಳುತ್ತಿತ್ತೋ!

ಅವರು ಸಾಧು ಸ್ವಭಾವದವರೇನೂ ಅಲ್ಲ. ಶನಿವಾರ ಅವರ ಮುಖ ನೋಡಬೇಕಿತ್ತು ನೀವು. ಉತ್ತರ ತುಟಿಯವರೆಗೂ ಬಂದಿರುತ್ತಿತ್ತು, ಕತ್ತಿನ ನರ ಎದ್ದಿರುತ್ತಿತ್ತು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತಿರುತ್ತಿದ್ದರು. ಒಮ್ಮೆ ಬಸ್ ಸ್ಟಾಪಿನಲ್ಲಿ ಕೇಳಿದೆ, "ಅಷ್ಟು ಕಷ್ಟ ಆದ್ರೆ ಯಾಕಣ್ಣ ಇದೆಲ್ಲ?" ಎಂದು.

"ನಂಗೆ ಜಂಬ ಜಾಸ್ತಿ ಕಣಮ್ಮ. ಅದೇನ್ ಹೋಗೋದಲ್ಲ. ಅದಕ್ಕೇ ಸ್ಟೂಲು ಇಟ್ಟಿರೋದು" ಎಂದು ನಕ್ಕರು.

ನಿವೃತ್ತಿಯ ದಿನ ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಕೊಟ್ಟೆವು. ಮಾಲೀಕರು ಇನ್ನೇನು ಬೇಕು ಎಂದರೆ, ಸ್ಟೂಲು ಎಂದರು. ಅದು ಹೋದ ಮೇಲೆ ಶನಿವಾರದ ಪದ್ಧತಿಯೂ ಮೆಲ್ಲಗೆ ನಿಂತಿತು. ಮೀಟಿಂಗ್ ಈಗ ಎಸಿ ಕೋಣೆಯಲ್ಲಿ. ಎಲ್ಲರಿಗೂ ಕುರ್ಚಿ.

ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿದೆ ಎಂದು ತಿಳಿದು ನೋಡಲು ಹೋದಾಗ ಅವರು ಆ ಸ್ಟೂಲಿನ ಮೇಲೇ ಕೂತಿದ್ದರು. ಎಡಗೈಯಲ್ಲಿ ಚಮಚ ಹಿಡಿದು ಬಟ್ಟಲಿನಿಂದ ಬಟ್ಟಲಿಗೆ ಅಕ್ಕಿ ತುಂಬುವುದನ್ನು ಕಲಿಯುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಲ್ಲಿ ಹೇಳುತ್ತಿದ್ದವರು. ಅಕ್ಕಿ ಪಕ್ಕದಲ್ಲಿ ಕೂತ ಶಾರದಮ್ಮನ ಸೀರೆಗೆ, ನೆಲಕ್ಕೆ, ಎಲ್ಲೆಲ್ಲೂ. "ವ್ಯಾಯಾಮ ಮಾಡಿಸೋಕೆ ಬರೋನನ್ನ ದಿನಾ ಇದ್ಯಾಕೆ ಇಂಗೆ, ಅದ್ಯಾಕೆ ಅಂಗೆ ಅಂತ ತಲೆ ತಿಂತಾರೆ" ಎಂದು ಶಾರದಮ್ಮ ದೂರಿದರು. ಗಂಗಾಧರಯ್ಯನವರು ನನ್ನ ಕಡೆ ತಿರುಗಿ, ತೊದಲುತ್ತಲೇ, "ನೋಡು ರೊಟ್ಟಿ, ಈಗ ನಂದೇ ಸರದಿ" ಎಂದರು. ದುಃಖ ಇರಲಿಲ್ಲ ಆ ಮುಖದಲ್ಲಿ. ಏನೋ ಕುತೂಹಲವಿತ್ತು. ನಾನು ಮತ್ತೆ ಅವರನ್ನು ನೋಡಲಿಲ್ಲ.

ಈಗ ಹೇಳಬೇಕಾದದ್ದು ಕಳೆದ ವಾರದ್ದು. ಡಿಸ್ಪ್ಯಾಚಿಗೆ ಈಗ ನಾನೇ ಹಿರಿಯಳು. ಹೊಸದಾಗಿ ಸಲ್ಮಾ ಎಂಬವರು ಸೇರಿದ್ದಾರೆ, ಗಾರ್ಮೆಂಟ್ಸಿನಲ್ಲಿ ದುಡಿದು ಬಂದವರು. ಟೇಪು ಸುತ್ತಿದ ಪೆಟ್ಟಿಗೆಯ ಮೇಲೆ ಮತ್ತೆ ಹಗ್ಗ ಕಟ್ಟುವಾಗ ಕೈ ನಿಲ್ಲಿಸಿ ಕೇಳಿದರು, "ಮೇಡಂ, ಟೇಪ್ ಗಟ್ಟಿ ಇದೆಯಲ್ಲ. ಹಗ್ಗ ಯಾಕೆ?"

"ಮೊದ್ಲಿಂದ್ಲೂ ಹಿಂಗೇನೇ ಕಣ್ರೀ," ಎಂದೆ.

ಪಕ್ಕದ ಮೇಜಿನಲ್ಲಿ ಜಯಮ್ಮ ಕೆಲಸ ನಿಲ್ಲಿಸಿದಳು. ಅವಳ ಕೂದಲೆಲ್ಲ ಬೆಳ್ಳಗಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ. "ಟೀ," ಎಂದಳು.

ಎಲ್ಲರಿಗೂ ಟೀ ತರಿಸಿದೆ. ನನ್ನ ಲೋಟ ಆರಿಹೋಯಿತು. ಅವರು ತೀರಿಕೊಂಡ ದಿನ ಅಳದವಳು ಪೆಟ್ಟಿಗೆಗಳ ಹಿಂದೆ ಹೋಗಿ ನಿಂತು ಅತ್ತೆ.

ಮರುದಿನ ಬೆಳಿಗ್ಗೆ ಸ್ಟೂಲನ್ನು ಎತ್ತಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ನೋಡಿ, "ಏನಕ್ಕಾ, ಸೀಟು ಮನೆಯಿಂದಾನೇ ತಂದ್ಬಿಟ್ಟಿದೀರ?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅದರ ಮೇಲೆ ಕೂರಲಿಲ್ಲ, ಹಿಡಿದುಕೊಂಡು ನಿಂತೇ ಹೋದೆ.

ಡಿಸ್ಪ್ಯಾಚಿನಲ್ಲಿ ಅದನ್ನು ನಡುವೆ ಇಟ್ಟು ಸಲ್ಮಾ ಅವರಿಗೆ ಕೂರಲು ಹೇಳಿ, ನಿನ್ನೆಯ ಪ್ರಶ್ನೆ ಮತ್ತೆ ಕೇಳಿ ಎಂದೆ. ಕೇಳಿದರು. ನಾನು ನಿಂತು ಯೋಚನೆ ಮಾಡಿದೆ. ಹಿಂದೆ ರಸ್ತೆ ಕೆಟ್ಟದಾಗಿತ್ತು, ಟೇಪು ಬಿಚ್ಚಿಕೊಳ್ಳುತ್ತಿತ್ತು, ಅದಕ್ಕೆ ಹಗ್ಗ. ಈಗ ಬೇಡ, ಅಲ್ಲವೇ? ಅಷ್ಟರಲ್ಲಿ ಲಾರಿಗೆ ತುಂಬುವವರೊಬ್ಬರು, "ಅಯ್ಯೋ ತೆಗೀಬೇಡಿ ಮೇಡಂ, ಹಗ್ಗ ಹಿಡ್ಕೊಂಡೇ ನಾವು ಎತ್ತೋದು" ಎಂದರು. ಇಷ್ಟು ವರ್ಷ ಹಗ್ಗ ಕಟ್ಟಿಸಿದವಳಿಗೆ ಅದು ಗೊತ್ತಿರಲಿಲ್ಲ. ಸಲ್ಮಾ ಬಿಡಲಿಲ್ಲ. "ಹಂಗಾದ್ರೆ ಪೆಟ್ಟಿಗೆಗೇ ಕೈ ಹಿಡಿಸೋಷ್ಟು ತೂತು ಇಟ್ರೆ?"

ಆಗಲ್ಲ, ಪೆಟ್ಟಿಗೆ ಹರಿಯುತ್ತೆ, ಎಂಬ ಮಾತು ತುಟಿಗೆ ಬಂತು. ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು.

"ಒಂದು ಪೆಟ್ಟಿಗೆ ಮಾಡಿ ನೋಡೋಣ," ಎಂದೆ.

ಸಲ್ಮಾ ಕತ್ತರಿ ತರಲು ಎದ್ದರು. ಖಾಲಿಯಾದ ಸ್ಟೂಲಿನ ಮೇಲೆ ನಾನು ಮೊದಲ ಸಲ ಕೂತೆ. ತೇವದ ಗಾಳಿಗೆ ಎಣ್ಣೆಯ ವಾಸನೆ ಎದ್ದಿತ್ತು. ಅದು ಮನೆಯಲ್ಲಿ ಬರುತ್ತಿದ್ದ ವಾಸನೆಯೇ. ಇಲ್ಲಿ ಅದಕ್ಕೆ ಯಾರೂ ಕಿಟಕಿ ತೆರೆಯಲಿಲ್ಲ.